ಬೆಕ್ಕಿಗೊಂದು ಕಿಂಡಿ: ಆಯ್ಕೆ, ಅಳತೆ ಮತ್ತು ಅಳವಡಿಕೆ

ಬಾಗಿಲ ಮುಂದೆ ಕುಳಿತು ಕೂಗುವ ಬೆಕ್ಕಿಗಾಗಿ ದಿನಕ್ಕೆ ಹತ್ತಾರು ಸಲ ಎದ್ದು ಕದ ತೆರೆಯುವವರು, ತೆರೆದ ಮೇಲೂ ಅದು ಹೊಸ್ತಿಲ ಮೇಲೆಯೇ ನಿಂತು ಹೋಗಲೋ ಬೇಡವೋ ಎಂದು ಮೀನಮೇಷ ಎಣಿಸುವುದನ್ನು ನೋಡುತ್ತ ನಿಂತವರು, ಒಂದಲ್ಲ ಒಂದು ದಿನ ಕದದ ಬುಡದಲ್ಲಿ ಅದಕ್ಕೆಂದೇ ಒಂದು ಕಿಂಡಿ ಮಾಡಿಸುವ ಯೋಚನೆಗೆ ಬರುತ್ತಾರೆ. ಕ್ಯಾಟ್ ಫ್ಲ್ಯಾಪ್ ಎಂಬ ಹೆಸರಿನಲ್ಲಿ ಇದು ಸಿದ್ಧವಾಗಿಯೇ ದೊರೆಯುತ್ತದೆ. ಕದದ ಎರಡೂ ಮುಖಗಳಿಗೆ ಕೂರುವ ಎರಡು ಚೌಕಟ್ಟುಗಳು, ಅವುಗಳ ನಡುವೆ ಮೇಲಂಚಿನಿಂದ ತೂಗುವ ಒಂದು ಹಗುರವಾದ ಮುಚ್ಚಳ, ಅದನ್ನು ಬೇಕೆಂದಾಗ ತಡೆಯುವ ಒಂದು ಚಿಲಕ, ಇಷ್ಟೇ ಅದರ ರಚನೆ. ಗರಗಸ ಹಿಡಿದು ರೂಢಿಯಿದ್ದವರು ಅರ್ಧ ದಿನದಲ್ಲಿ ಇದನ್ನು ಕೂರಿಸಿಬಿಡಬಹುದು. ಆದರೆ ಒಮ್ಮೆ ಕೊಯ್ದ ಕದವನ್ನು ಮೊದಲಿನಂತೆ ಮಾಡಲಾಗುವುದಿಲ್ಲವಾದ್ದರಿಂದ, ಈ ಕೆಲಸದ ಮುಕ್ಕಾಲು ಪಾಲು ಗರಗಸ ಮುಟ್ಟುವುದಕ್ಕೆ ಮೊದಲೇ ಮುಗಿದಿರಬೇಕು ಎಂಬುದು ನನ್ನ ಅಭಿಪ್ರಾಯ.

ಮೊದಲಿಗೆ, ಬೆಕ್ಕು ತನ್ನಷ್ಟಕ್ಕೆ ಹೊರಗೆ ಹೋಗಿಬರಲು ತಕ್ಕ ಸ್ಥಿತಿಯಲ್ಲಿದೆಯೇ ಎಂಬುದನ್ನು ನೋಡಿಕೊಳ್ಳಬೇಕು. ಸಂತಾನಹರಣ ಚಿಕಿತ್ಸೆಯಾಗಿರದ, ಲಸಿಕೆ ಹಾಕಿಸಿರದ ಮರಿಗೆ ಕಿಂಡಿಯ ಸ್ವಾತಂತ್ರ್ಯ ಕೊಡಬಾರದು. ಹೊಸ ಮನೆಗೆ ಬಂದ ಬೆಕ್ಕನ್ನು, ಅದು ಎಷ್ಟೇ ಬೇಡಿಕೊಂಡರೂ, ಕನಿಷ್ಠ ಎರಡು ಮೂರು ವಾರಗಳ ಕಾಲ ಒಳಗೇ ಇರಿಸಿಕೊಂಡರೆ ಆ ಮನೆಯ ವಾಸನೆ ಅದಕ್ಕೆ ತನ್ನದಾಗುತ್ತದೆ. ಇಲ್ಲವಾದರೆ ಅದು ಹಳೆಯ ಮನೆಯನ್ನು ಹುಡುಕಿಕೊಂಡು ಹೋಗುವ ಸಂಭವವುಂಟು. ಬಾಡಿಗೆಯ ಮನೆಯಾದರೆ ಮಾಲೀಕರ ಒಪ್ಪಿಗೆ ಬೇಕೆಂದು ಬೇರೆ ಹೇಳಬೇಕಾಗಿಲ್ಲ.

ಇನ್ನು ಅಳತೆ. ಹೆಚ್ಚಿನವರು ಕದವನ್ನು ಅಳೆಯುತ್ತಾರೆ, ಅಳೆಯಬೇಕಾದದ್ದು ಬೆಕ್ಕನ್ನು. ಅದು ನಿಂತು ಊಟ ಮಾಡುತ್ತಿರುವಾಗ, ನೆಲದಿಂದ ಹೊಟ್ಟೆಯ ಕೆಳಭಾಗದವರೆಗಿನ ಎತ್ತರವನ್ನೂ ಮೈಯ ಅತ್ಯಂತ ಅಗಲವಾದ ಭಾಗದ ಅಳತೆಯನ್ನೂ ಟೇಪಿನಿಂದ ಮೆಲ್ಲನೆ ತೆಗೆದುಕೊಳ್ಳಬೇಕು. ಬೆಕ್ಕಿನ ಕೊರಳೆಲುಬು ತೀರ ಚಿಕ್ಕದು. ಅದು ಬೇರೆ ಎಲುಬುಗಳಿಗೆ ಕೂಡಿಕೊಂಡಿರದೆ ಸ್ನಾಯುಗಳ ನಡುವೆ ಇರುವುದರಿಂದ, ತಲೆ ತೂರಿದ ಸಂದಿಯಲ್ಲಿ ಹೆಗಲನ್ನೂ ತೂರಿಸಬಲ್ಲದು. ಆದರೆ ಈ ಜಾಣ್ಮೆ ಹೊಟ್ಟೆಗೆ ಅನ್ವಯಿಸುವುದಿಲ್ಲ. ಉಂಡು ಮೈ ಬೆಳೆಸಿದ ಬೆಕ್ಕಿಗೆ ಹೆಗಲಿನ ಅಳತೆ ನಂಬಿ ಕಿಂಡಿ ಕೊಂಡರೆ ಅದು ನಡುವೆ ಸಿಕ್ಕಿಕೊಳ್ಳುತ್ತದೆ. ಮೈಯ ಅಗಲಕ್ಕಿಂತ ಎರಡು ಮೂರು ಸೆಂಟಿಮೀಟರ್ ಹೆಚ್ಚಿನ ದಾರಿ ಇರಲಿ. ಅಂಗಡಿಯಲ್ಲಿ ಕೊಳ್ಳುವಾಗ ಪೆಟ್ಟಿಗೆಯ ಮೇಲೆ ಕಾಣುವ ಅಳತೆ ಹೊರಚೌಕಟ್ಟಿನದೋ, ಕದದಲ್ಲಿ ಕೊಯ್ಯಬೇಕಾದ ತೂತಿನದೋ, ಬೆಕ್ಕು ನುಸುಳುವ ದಾರಿಯದೋ ಎಂಬುದನ್ನು ವಿಚಾರಿಸಿಕೊಳ್ಳಬೇಕು. ಈ ಮೂರೂ ಬೇರೆ ಬೇರೆ, ನಮಗೆ ಬೇಕಾದದ್ದು ಮೂರನೆಯದು. ಮರಿಯಿದ್ದರೆ ಅದು ಬೆಳೆದ ಮೇಲಿನ ಗಾತ್ರವನ್ನು ಎಣಿಸಿ ಕೊಳ್ಳಬೇಕು.

ಕಿಂಡಿಯ ಕೆಳಂಚು ಬೆಕ್ಕಿನ ಹೊಟ್ಟೆಯ ಮಟ್ಟದಲ್ಲಿರಬೇಕೆಂಬುದು ರೂಢಿ. ಸಾಧಾರಣ ಗಾತ್ರದ ಬೆಕ್ಕಿಗೆ ಇದು ನೆಲದಿಂದ 10ರಿಂದ 15 ಸೆಂಟಿಮೀಟರ್ ಎತ್ತರಕ್ಕೆ ಬರುತ್ತದೆ. ಆ ಮಟ್ಟವನ್ನು ಮೇಲಿನ ಮಿತಿಯೆಂದು ತಿಳಿದು, ಮುದಿ ಬೆಕ್ಕಿಗೂ ಕೀಲುನೋವಿನ ಬೆಕ್ಕಿಗೂ ಇನ್ನಷ್ಟು ತಗ್ಗಿಸುವುದು ಒಳ್ಳೆಯದು. ಇಲ್ಲಿ ನಾನೇ ಮಾಡಿದ ಒಂದು ತಪ್ಪನ್ನು ಹೇಳಬೇಕು. ಒಳಗಿನ ನೆಲದಿಂದ ಎತ್ತರವನ್ನು ಬಹು ಎಚ್ಚರಿಕೆಯಿಂದ ಅಳೆದು ಕೊಯ್ದೆ. ಬಾಗಿಲಿನ ಹೊರಗಡೆ ನೆಲ ಒಂದು ಮೆಟ್ಟಿಲಿನಷ್ಟು ತಗ್ಗಿನಲ್ಲಿದೆ ಎಂಬುದು ಮಾತ್ರ ನೆನಪಾಗಲಿಲ್ಲ. ಒಳಗಿನಿಂದ ಸಲೀಸಾಗಿ ಹೊರಟ ಬೆಕ್ಕು ಹೊರಗಿನಿಂದ ಬರುವಾಗ ಕಿಂಡಿಯನ್ನು ತಲೆಯೆತ್ತಿ ನೋಡಿ ಮತ್ತೆ ಕೂಗತೊಡಗಿತು. ಅಲುಗಾಡದಂತೆ ಒಂದು ಅಗಲವಾದ ಕಲ್ಲನ್ನು ಹೊರಗಿಟ್ಟ ಮೇಲೆ ಆ ತೊಂದರೆ ತಪ್ಪಿತಾದರೂ, ಎರಡೂ ಬದಿಯಿಂದ ಅಳೆದಿದ್ದರೆ ಕಲ್ಲು ಹೊರುವ ಕೆಲಸ ಉಳಿಯುತ್ತಿತ್ತು.

ಯಾವ ಬಾಗಿಲು ಎಂಬ ಪ್ರಶ್ನೆಗೆ ಬೆಕ್ಕಿನ ಮನಸ್ಸನ್ನೂ ಮನೆಯ ಭದ್ರತೆಯನ್ನೂ ಒಟ್ಟಿಗೆ ನೋಡಿ ಉತ್ತರಿಸಬೇಕಾಗುತ್ತದೆ. ಕಿಂಡಿಯಿಂದ ತಲೆ ಹೊರಹಾಕಿದ ಗಳಿಗೆಯಲ್ಲಿ ಬೆಕ್ಕಿಗೆ ಸುತ್ತ ಏನಿದೆಯೆಂದು ಕಾಣುವುದಿಲ್ಲ. ಆದ್ದರಿಂದ ಅದು ಬಟ್ಟಬಯಲಿಗೆ ತೆರೆಯುವ ಕಿಂಡಿಗಿಂತ, ಹೊರಗೆ ಒಂದೆರಡು ಹೂಕುಂಡಗಳ ಮರೆಯಾದರೂ ಇರುವ ಕಿಂಡಿಯನ್ನು ಮೆಚ್ಚುತ್ತದೆ. ಒಳಗಡೆ ಅದರ ಊಟದ ತಟ್ಟೆಯಾಗಲಿ ಮಲದ ತಟ್ಟೆಯಾಗಲಿ ಕಿಂಡಿಯ ಎದುರಿಗೆ ಇರಬಾರದು. ಬೇರೊಂದು ಬೆಕ್ಕು ಯಾವ ಹೊತ್ತಿನಲ್ಲಾದರೂ ತೂರಿ ಬರಬಹುದಾದ ಜಾಗದಲ್ಲಿ ಯಾವ ಬೆಕ್ಕೂ ನಿಶ್ಚಿಂತೆಯಿಂದ ಉಣ್ಣುವುದಿಲ್ಲ. ಭದ್ರತೆಯ ವಿಷಯದಲ್ಲಿ ನೆನಪಿಡಬೇಕಾದದ್ದು ಮನುಷ್ಯನ ತೋಳಿನ ಉದ್ದ. ಕಿಂಡಿಯೊಳಗೆ ಕೈ ಹಾಕಿದವನಿಗೆ ಒಳಚಿಲಕವಾಗಲಿ ಬೀಗದಲ್ಲೇ ಬಿಟ್ಟ ಕೀಲಿಕೈಯಾಗಲಿ ಸಿಗುವಂತಿರಬಾರದು. ಆದ್ದರಿಂದ ಕಿಂಡಿಯನ್ನು ಸಾಧ್ಯವಾದಷ್ಟೂ ಬಿಜಾಗರಿಯ ಕಡೆಗೆ ಇಡುವುದು, ಕೀಲಿಕೈಯನ್ನು ಬಾಗಿಲಲ್ಲಿ ಬಿಡದಿರುವುದು, ಕೆಳ ಅಗುಳಿಯ ಜಾಗ ಬದಲಿಸುವುದು ಇವೆಲ್ಲ ಮೊದಲೇ ತೀರ್ಮಾನವಾಗಲಿ. ತೆವಳುವ ಮಗುವಿರುವ ಮನೆಯಲ್ಲಿ ಇದೇ ಎಚ್ಚರಿಕೆ ಒಳಗಿನಿಂದ ಹೊರಕ್ಕೂ ಬೇಕು.

ಕದ ಯಾವುದರಿಂದ ಮಾಡಿದ್ದು ಎಂಬುದರ ಮೇಲೆ ಕೆಲಸದ ರೀತಿಯೇ ಬದಲಾಗುತ್ತದೆ. ಗಟ್ಟಿಮರದ ಹಲಗೆಯ ಕದ ಎಲ್ಲಕ್ಕಿಂತ ಸುಲಭ. ಆದರೆ ಪಟ್ಟಿಗಳ ನಡುವೆ ಹಲಗೆ ಕೂರಿಸಿದ ಕದದಲ್ಲಿ ತೂತು ಹಲಗೆಯೊಳಗೇ ಮುಗಿಯಬೇಕು. ಕದದ ಭಾರ ಹೊರುವ ಅಂಚಿನ ಪಟ್ಟಿಯನ್ನೋ ಅಡ್ಡಪಟ್ಟಿಯನ್ನೋ ಕತ್ತರಿಸಿದರೆ ಕದ ಕ್ರಮೇಣ ಜೋತುಬೀಳುತ್ತದೆ. ಬೆರಳಿನಿಂದ ತಟ್ಟಿದಾಗ ಡೊಳ್ಳಾಗಿ ಸದ್ದು ಮಾಡುವ ಫ್ಲಶ್ ಕದಗಳ ಒಳಗೆ ಟೊಳ್ಳಿರುತ್ತದೆ. ಅಲ್ಲಿ ತೂತು ಕೊಯ್ದ ಮೇಲೆ ಅದರ ಒಳ ಅಂಚಿನ ಸುತ್ತ ತೆಳುವಾದ ಮರದ ಪಟ್ಟಿಗಳನ್ನು ಅಂಟಿಸಿ ತುಂಬದಿದ್ದರೆ, ತಿರುಪು ಬಿಗಿದಂತೆ ಎರಡು ಮುಖಗಳೂ ಒಳಕ್ಕೆ ಕುಗ್ಗುತ್ತವೆ. ಯುಪಿವಿಸಿ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಕದದಲ್ಲೂ ಕೆಳಭಾಗದ ಹಲಗೆಯನ್ನಷ್ಟೇ ಕೊಯ್ಯಬೇಕು, ಚೌಕಟ್ಟಿನೊಳಗೆ ಬೀಗದ ಸರಳುಗಳು ಓಡಾಡುತ್ತಿರಬಹುದು. ಬೆಂಕಿ ತಡೆಯಲೆಂದೇ ಮಾಡಿದ ಕದಕ್ಕೆ ಕೈ ಹಚ್ಚಲೇಬಾರದು. ಒಂದು ತೂತಿನಿಂದ ಅದು ತನ್ನ ಉದ್ದೇಶವನ್ನೇ ಕಳೆದುಕೊಳ್ಳುತ್ತದೆ. ಗಾಜಿನ ಬಾಗಿಲಿನ ವಿಷಯದಲ್ಲಿ ಸ್ವಂತ ಪ್ರಯೋಗ ಬೇಡ. ಸಾದಾ ಗಾಜಿನಲ್ಲಿ ಗಾಜಿನ ಕೆಲಸದವರು ದುಂಡನೆಯ ತೂತು ಕೊಯ್ದುಕೊಡಬಲ್ಲರು, ಆದರೆ ಕಾಯಿಸಿ ಗಟ್ಟಿಗೊಳಿಸಿದ ಟಫನ್ಡ್ ಗಾಜನ್ನು ಆಮೇಲೆ ಕೊಯ್ಯಹೋದರೆ ಇಡೀ ಗಾಜು ಚೂರುಚೂರಾಗುತ್ತದೆ. ಎರಡು ಪದರದ ಮುಚ್ಚಿದ ಗಾಜಿನದೂ ಇದೇ ಕಥೆ: ತೂತಿನ ಸಮೇತ ಹೊಸದಾಗಿ ಮಾಡಿಸಿ ಕೂರಿಸಬೇಕೇ ಹೊರತು ಇದ್ದುದರಲ್ಲಿ ಕೊರೆಯಲಾಗದು.

ಕಿಂಡಿಗಳಲ್ಲಿ ಹಲವು ಬಗೆಗಳಿವೆ. ಅತಿ ಸರಳವಾದದ್ದು ಎರಡೂ ಕಡೆಗೆ ತೂಗುವ ಬರಿಯ ಮುಚ್ಚಳ. ಅದಕ್ಕೆ ನಾಲ್ಕು ಸ್ಥಿತಿಯ ಚಿಲಕ ಸೇರಿದರೆ, ಹೋಗಿಬರುವುದು, ಬರುವುದು ಮಾತ್ರ, ಹೋಗುವುದು ಮಾತ್ರ, ಪೂರ್ತಿ ಬಂದ್ ಎಂದು ಬೇಕಾದಂತೆ ಇಟ್ಟುಕೊಳ್ಳಬಹುದು. ಸಂಜೆ 'ಬರುವುದು ಮಾತ್ರ' ಎಂದಿಟ್ಟರೆ ರಾತ್ರಿಯ ಅಲೆದಾಟ ನಿಲ್ಲುತ್ತದೆ. ನೆರೆಯ ಬೆಕ್ಕುಗಳ ಕಾಟವಿಲ್ಲದ ಮನೆಗೆ ಇದಕ್ಕಿಂತ ಹೆಚ್ಚಿನದು ಬೇಕಿಲ್ಲವೆಂದೇ ನಾನು ಹೇಳುತ್ತೇನೆ. ಕಾಟವಿದ್ದರೆ ಮಾತು ಬೇರೆ. ಕೊರಳಪಟ್ಟಿಗೆ ತೂಗುಹಾಕಿದ ಅಯಸ್ಕಾಂತವನ್ನು ಗುರುತಿಸಿ ತೆರೆದುಕೊಳ್ಳುವ ಕಿಂಡಿಗಳು ಅಗ್ಗವಾದವು, ಆದರೆ ಅಂಥದೇ ಅಯಸ್ಕಾಂತ ಕಟ್ಟಿಕೊಂಡ ನೆರೆಮನೆಯ ಬೆಕ್ಕಿಗೂ ಅವು ತೆರೆದುಕೊಳ್ಳುತ್ತವೆ. ಅಲ್ಲದೆ ಅಯಸ್ಕಾಂತ ಕಟ್ಟಿಕೊಂಡ ಬೆಕ್ಕು ಬೀದಿಯಲ್ಲಿ ಬಿದ್ದ ಮೊಳೆ, ಗುಂಡುಸೂಜಿಗಳನ್ನೆಲ್ಲ ಕೊರಳಿಗೆ ಅಂಟಿಸಿಕೊಂಡು ಮನೆಗೆ ತರುವುದೂ ಉಂಟು. ಕೊರಳಪಟ್ಟಿ ಹಾಕುವುದಾದರೆ, ಎಲ್ಲಾದರೂ ಸಿಕ್ಕಿಕೊಂಡಾಗ ತಾನೇ ಕಳಚಿಕೊಳ್ಳುವಂಥದ್ದೇ ಆಗಿರಬೇಕು. ಕಳಚಿ ಬಿದ್ದ ದಿನ ಬೆಕ್ಕು ಹೊರಗೇ ಉಳಿಯುತ್ತದೆ ಎಂಬುದು ಈ ಬಗೆಯ ದೊಡ್ಡ ಕೊರತೆ.

ಈ ಕೊರತೆ ಇಲ್ಲದಿರುವುದು ಮೈಕ್ರೋಚಿಪ್ ಓದುವ ಕಿಂಡಿಯಲ್ಲಿ. ಪಶುವೈದ್ಯರು ಬೆಕ್ಕಿನ ಎರಡು ಹೆಗಲುಗಳ ನಡುವೆ ಚರ್ಮದಡಿ ಸೇರಿಸುವ ಈ ಚಿಪ್ ಅಕ್ಕಿಕಾಳಿನಷ್ಟು ದೊಡ್ಡದು, ಅದರಲ್ಲಿ ಬ್ಯಾಟರಿಯಿಲ್ಲ. ಕಿಂಡಿಯ ಸುರಂಗದಲ್ಲಿರುವ ಆಂಟೆನಾ ಹೊಮ್ಮಿಸುವ ಅಲೆಯಿಂದಲೇ ಶಕ್ತಿ ಪಡೆದು ತನ್ನ ಸಂಖ್ಯೆಯನ್ನು ತಿಳಿಸುತ್ತದೆ, ಸಂಖ್ಯೆ ಪಟ್ಟಿಯಲ್ಲಿದ್ದರೆ ಅಗುಳಿ ಸರಿಯುತ್ತದೆ. ಐಎಸ್‌ಒ ಮಾನದಂಡದ ಚಿಪ್‌ಗೆ 15 ಅಂಕಿಗಳ ಸಂಖ್ಯೆಯಿದ್ದು, ಅದನ್ನು 134.2 ಕಿಲೋಹರ್ಟ್ಸ್ ಆವರ್ತನದಲ್ಲಿ ಓದಲಾಗುತ್ತದೆ. ಹಳೆಯ ಬಗೆಯ, ಕಡಿಮೆ ಅಂಕಿಗಳ ಚಿಪ್ ಇರುವ ಬೆಕ್ಕಾದರೆ ಕಿಂಡಿ ಅದನ್ನೂ ಓದುತ್ತದೆಯೇ ಎಂದು ಕೊಳ್ಳುವ ಮುಂಚೆ ಕೇಳಿ ತಿಳಿಯಬೇಕು. ಕೆಲವು ಕಿಂಡಿಗಳು ಒಳಬರುವಾಗ ಮಾತ್ರ ಗುರುತು ನೋಡುತ್ತವೆ, ಇನ್ನು ಕೆಲವು ಹೊರಹೋಗುವಾಗಲೂ ನೋಡುತ್ತವೆ. ಮನೆಯಲ್ಲಿ ಎರಡು ಬೆಕ್ಕುಗಳಿದ್ದು ಒಂದನ್ನು ಮಾತ್ರ ಹೊರಗೆ ಬಿಡಬೇಕಾದರೆ ಎರಡನೆಯ ಬಗೆಯೇ ಆಗಬೇಕು. ಲೋಹದ ಕದ ಆಂಟೆನಾದ ಕೆಲಸ ಕೆಡಿಸುವುದರಿಂದ, ಅಂಥಲ್ಲಿ ತೂತನ್ನು ದೊಡ್ಡದಾಗಿ ಕೊಯ್ದು ನಡುವೆ ಪ್ಲಾಸ್ಟಿಕ್ಕಿನ ಹಲಗೆ ಕೂರಿಸಿ, ಅದರಲ್ಲಿ ಕಿಂಡಿಯನ್ನು ಅಳವಡಿಸುತ್ತಾರೆ.

ಮರದ ಕದದಲ್ಲಿ ಕೊಯ್ಯುವ ಕ್ರಮ ಹೀಗಿದೆ. ಕದವನ್ನು ಬಿಜಾಗರಿಯಿಂದ ಬಿಚ್ಚಿ ಮಲಗಿಸಿಕೊಳ್ಳುವುದು ಉತ್ತಮ. ಬಿಚ್ಚಲಾಗದಿದ್ದರೆ ಅಡಿಯಲ್ಲಿ ಎರಡೂ ಕಡೆ ಬೆಣೆ ಕೊಟ್ಟು ಅಲುಗದಂತೆ ಮಾಡಬೇಕು. ಕಿಂಡಿಯ ಜೊತೆ ಬರುವ ಕಾಗದದ ನಮೂನೆಯನ್ನು ಗುರುತಿಸಿದ ಎತ್ತರದಲ್ಲಿ ಅಂಟಿಸಿ, ರಸಮಟ್ಟ ಇಟ್ಟು ನೋಡಬೇಕು. ಮುಚ್ಚಳ ತನ್ನ ಭಾರದಿಂದಲೇ ಮರಳಿ ನಡುವಿಗೆ ಬರುವಂಥದ್ದಾದ್ದರಿಂದ, ಚೌಕಟ್ಟು ಸ್ವಲ್ಪ ಓರೆಯಾದರೂ ಅದು ಒಂದು ಬದಿಗೆ ಉಜ್ಜುತ್ತದೆ. ಗೆರೆಯೆಳೆದ ಜಾಗದ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿದರೆ ಮರದ ಸಿಬಿರು ಏಳುವುದು ಕಡಿಮೆಯಾಗುತ್ತದೆ. ಜಿಗ್‌ಸಾ ಎಂಬ ವಿದ್ಯುತ್ ಗರಗಸದ ಸಾಮಾನ್ಯ ಅಲಗು ಮೇಲಕ್ಕೆ ಬರುವಾಗ ಕೊಯ್ಯುವುದರಿಂದ ಯಂತ್ರ ಇರುವ ಮುಖದಲ್ಲೇ ಸಿಬಿರು ಹೆಚ್ಚು, ಹಾಗಾಗಿ ಚೆಂದ ಕಾಣಬೇಕಾದ ಮುಖವನ್ನು ಕೆಳಗೆ ಮಾಡಿಕೊಳ್ಳುವುದು ಜಾಣತನ. ನಾಲ್ಕು ಮೂಲೆಗಳಲ್ಲಿ, ಗೆರೆಯ ಒಳಬದಿಗೆ, ಅಲಗು ಇಳಿಯುವಷ್ಟು, ಎಂದರೆ 10ರಿಂದ 12 ಮಿಲಿಮೀಟರ್ ದಪ್ಪದ ತೂತುಗಳನ್ನು ಡ್ರಿಲ್‌ನಿಂದ ಕೊರೆದು, ಒಂದರಿಂದ ಇನ್ನೊಂದಕ್ಕೆ ನಿಧಾನವಾಗಿ ಕೊಯ್ಯುತ್ತ ಹೋಗಬೇಕು. ಕಣ್ಣಿಗೆ ರಕ್ಷಣೆಯ ಕನ್ನಡಕ ಇರಲಿ, ಬೆಕ್ಕು ಬೇರೆ ಕೋಣೆಯಲ್ಲಿರಲಿ. ಕೊನೆಯ ಬದಿಯನ್ನು ಕೊಯ್ಯುವಾಗ ತುಂಡು ತಾನೇ ಜಾರಿ ಅಂಚನ್ನು ಸೀಳದಂತೆ ಅದನ್ನು ಟೇಪಿನಿಂದ ಹಿಡಿಸಿಡಬೇಕು. ತೂತು ಕೊಂಚ ಕಿರಿದಾದರೆ ಅರದಿಂದ ಉಜ್ಜಿ ಸರಿಪಡಿಸಬಹುದು. ಹಿರಿದಾದರೆ ಚೌಕಟ್ಟು ಅದನ್ನು ಮರೆಮಾಡುವಷ್ಟೇ ಭಾಗ್ಯ.

ಕೊಯ್ದ ಅಂಚುಗಳನ್ನು ಉಪ್ಪುಕಾಗದದಿಂದ ಉಜ್ಜಿದ ಮೇಲೆ, ಹಸಿಮರ ಕಾಣುವಲ್ಲೆಲ್ಲ ಬಣ್ಣವನ್ನೋ ವಾರ್ನಿಷನ್ನೋ ಬಳಿದು ಒಣಗಿಸುವುದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಹೇಗೂ ಚೌಕಟ್ಟು ಮುಚ್ಚುತ್ತದಲ್ಲ ಎಂಬ ಭಾವನೆ. ಆದರೆ ಮಳೆನೀರು ಸೇರುವುದು ಅಲ್ಲಿಯೇ. ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಮರ ಉಬ್ಬಿ ಚೌಕಟ್ಟನ್ನು ಒತ್ತತೊಡಗುತ್ತದೆ. ಬಳಿಕ ಎರಡೂ ಚೌಕಟ್ಟುಗಳನ್ನು ಎದುರುಬದುರು ಇಟ್ಟು, ತಿರುಪಿನ ತಲೆಗಳು ಮನೆಯ ಒಳಬದಿಗೆ ಬರುವಂತೆ ಕೂರಿಸಬೇಕು. ಉದ್ದವಾದ ತಿರುಪನ್ನು ಕದದ ದಪ್ಪಕ್ಕೆ ತಕ್ಕಂತೆ ಕತ್ತರಿಸಿಕೊಳ್ಳಬೇಕಾಗಬಹುದು. ನಾಲ್ಕನ್ನೂ ಸರದಿಯಂತೆ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ, ಪ್ರತಿ ಸುತ್ತಿಗೂ ಮುಚ್ಚಳವನ್ನು ಬೆರಳಿನಿಂದ ತೂಗಿ ನೋಡಬೇಕು. ಅತಿಯಾಗಿ ಬಿಗಿದರೆ ಪ್ಲಾಸ್ಟಿಕ್ಕಿನ ಚೌಕಟ್ಟು ಬಾಗಿ ಮುಚ್ಚಳ ಸಿಕ್ಕಿಕೊಳ್ಳುತ್ತದೆ. ಹೊರಚೌಕಟ್ಟಿನ ಮೇಲಂಚಿಗೂ ಬದಿಗಳಿಗೂ ಸಿಲಿಕಾನ್ ಎಳೆದು, ಕೆಳಂಚನ್ನು ಬಿಟ್ಟುಬಿಟ್ಟರೆ ಒಳಸೇರಿದ ನೀರು ಇಳಿದುಹೋಗಲು ದಾರಿಯಿರುತ್ತದೆ.

ಕದ ಬೇಡವೆಂದು ಗೋಡೆಯನ್ನು ಆರಿಸಿಕೊಳ್ಳುವವರಿಗೆ ಚೌಕಟ್ಟಿನ ಜೊತೆ ಸುರಂಗದ ತುಂಡುಗಳೂ ಬೇಕಾಗುತ್ತವೆ. ಗೋಡೆಯೊಳಗೆ ವಿದ್ಯುತ್ ತಂತಿ, ನೀರಿನ ಕೊಳವೆ ಹಾದುಹೋಗಿಲ್ಲವೆಂದು ಖಚಿತಪಡಿಸಿಕೊಂಡು, ತೂತಿನ ತಳ ಹೊರಕ್ಕೆ ತುಸು ಇಳಿಜಾರಾಗಿರುವಂತೆ ಮೇಸ್ತ್ರಿಯಿಂದಲೇ ಮಾಡಿಸುವುದು ಲೇಸು.

ಕಿಂಡಿ ಸಿದ್ಧವಾದ ದಿನವೇ ಬೆಕ್ಕನ್ನು ಎತ್ತಿ ಅದರೊಳಗೆ ತಳ್ಳುವುದು ಎಲ್ಲಕ್ಕಿಂತ ಕೆಟ್ಟ ವಿಧಾನ. ಹಾಗೆ ತಳ್ಳಿಸಿಕೊಂಡ ಬೆಕ್ಕು ಕಿಂಡಿಯನ್ನು ಬೋನಿನಂತೆ ಕಾಣತೊಡಗುತ್ತದೆ. ಮೊದಲ ಕೆಲವು ದಿನ ಮುಚ್ಚಳವನ್ನು ಪೂರ್ತಿ ಎತ್ತಿ ಟೇಪಿನಿಂದಲೋ ದಾರದಿಂದಲೋ ಬಿಗಿದು, ಬರಿಯ ತೂತನ್ನಷ್ಟೇ ಪರಿಚಯಿಸಬೇಕು. ಆಚೆ ಬದಿಯಲ್ಲಿ ಅದಕ್ಕೆ ಇಷ್ಟವಾದ ತಿನಿಸನ್ನಿಟ್ಟು ಮೃದುವಾಗಿ ಕರೆಯಬಹುದು. ನಿರಾತಂಕವಾಗಿ ದಾಟತೊಡಗಿದ ಮೇಲೆ ಮುಚ್ಚಳವನ್ನು ಅರ್ಧಕ್ಕೆ, ಆಮೇಲೆ ಮೂಗಿನಿಂದ ತುಸು ನೂಕಿದರೆ ಸಾಕೆನ್ನುವಷ್ಟಕ್ಕೆ ಇಳಿಸುತ್ತ ಬರಬೇಕು. ಚಿಪ್ ಓದುವ ಕಿಂಡಿಯಾದರೆ ಅಗುಳಿ ಸರಿಯುವ ಟಕ್ಕೆಂಬ ಸದ್ದಿಗೆ ಅಂಜುವ ಬೆಕ್ಕುಗಳಿವೆ. ಮುಚ್ಚಳ ರೂಢಿಯಾದ ನಂತರವೇ ಅಗುಳಿಯನ್ನು ಚಾಲೂ ಮಾಡಿದರೆ, ಎರಡು ಹೊಸ ಸಂಗತಿಗಳನ್ನು ಅದು ಒಮ್ಮೆಲೇ ಎದುರಿಸಬೇಕಾಗುವುದಿಲ್ಲ. ಕೆಲವು ಬೆಕ್ಕುಗಳಿಗೆ ಇದೆಲ್ಲ ಒಂದು ಮಧ್ಯಾಹ್ನದ ಕೆಲಸ, ಕೆಲವಕ್ಕೆ ವಾರಗಳೇ ಹಿಡಿಯುತ್ತವೆ. ಚೆನ್ನಾಗಿ ಬಳಸುತ್ತಿದ್ದ ಬೆಕ್ಕು ಇದ್ದಕ್ಕಿದ್ದಂತೆ ಕಿಂಡಿಯತ್ತ ಸುಳಿಯದಾದರೆ, ಹೊರಗೆ ಬೇರೊಂದು ಬೆಕ್ಕು ಹೊಂಚುಹಾಕಿ ಕೂರುತ್ತಿದೆಯೇ, ಅಥವಾ ಮೈಗೆ ನೋವಾಗಿದೆಯೇ ಎಂದು ನೋಡಬೇಕು.

ಮುಂದಿನ ಆರೈಕೆ ಹೆಚ್ಚೇನಿಲ್ಲ. ಸಂದಿಯಲ್ಲಿ ಸಿಕ್ಕಿದ ಕೂದಲನ್ನು ಆಗಾಗ ತೆಗೆದು, ಮುಚ್ಚಳವನ್ನು ಒದ್ದೆಬಟ್ಟೆಯಿಂದ ಒರೆಸಬೇಕು; ಕಟುವಾಸನೆಯ ಶುಚಿದ್ರವ ಬಳಸಿದರೆ ಬೆಕ್ಕು ದೂರ ಸರಿಯುತ್ತದೆ. ಮುಚ್ಚಳದ ಕೆಳಂಚಿನ ಅಯಸ್ಕಾಂತಕ್ಕೆ ಕಬ್ಬಿಣದ ಪುಡಿ ಮೆತ್ತಿಕೊಂಡು ಅದು ಸರಿಯಾಗಿ ಮುಚ್ಚದಂತಾಗುವುದುಂಟು. ಬ್ಯಾಟರಿಯ ಕಿಂಡಿಯಾದರೆ ಸೂಚನೆಯ ದೀಪ ಮಿಣುಕಿದ ದಿನವೇ ಬ್ಯಾಟರಿ ಬದಲಿಸಬೇಕು, ನಾಳೆಗೆಂದು ಬಿಟ್ಟರೆ ನಡುರಾತ್ರಿ ಬಾಗಿಲ ಮುಂದಿನ ಹಳೆಯ ಕೂಗು ಮತ್ತೆ ಕೇಳಿಸುತ್ತದೆ.