ಮಾರಿಕಣಿವೆಯ ಬೋಟಿನ ಸೆಲ್ಫ್ ಸದ್ದು ನಿಂತದ್ದು ಹೀಗೆ

ಹಿರಿಯೂರಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಲಾರಿ, ಟ್ರ್ಯಾಕ್ಟರುಗಳ ಸೆಲ್ಫ್ (ಎಂಜಿನ್ನನ್ನು ತಿರುಗಿಸಿ ಚಾಲೂ ಮಾಡುವ ಮೋಟಾರು) ಮತ್ತು ಡೈನಮೋ ಬಿಚ್ಚಿ ಕಟ್ಟುತ್ತಿದ್ದೇನೆ. ಬೋಟಿನ ಎಂಜಿನ್ನಿಗೆ ಕೈ ಹಾಕಿದ್ದು ಇದೇ ಮೊದಲು. ಎಂಜಿನ್ ಎತ್ತದೆ ಈ ಸದ್ದು ಹೋಗುವುದಿಲ್ಲ ಎಂದು ಮೂವರು ಹೇಳಿದ್ದರು. ನಾನು ಎಂಜಿನ್ ಎತ್ತಲಿಲ್ಲ, ಸದ್ದು ಹೋಯಿತು.

2022ರ ಸೆಪ್ಟೆಂಬರಿನಲ್ಲಿ ನಮ್ಮ ಮಾರಿಕಣಿವೆ ಅಣೆಕಟ್ಟು, ಅಂದರೆ ವಾಣಿವಿಲಾಸ ಸಾಗರ, 1933ರ ನಂತರ ಮೊದಲ ಬಾರಿಗೆ ಕೋಡಿ ಬಿತ್ತಲ್ಲ, ಆ ನೀರನ್ನು ಕಂಡು ನಮ್ಮ ಪರಿಚಯದವರೊಬ್ಬರಿಗೆ ಬೋಟಿನ ಆಸೆ ಹುಟ್ಟಿತು. ಗೋವಾದಿಂದ ಹಳೆಯದೊಂದನ್ನು ಕೊಂಡು ತಂದರು. ಎಂಜಿನ್ ಒಳಗೇ ಇರುವ ಬೋಟು. ಅಮೆರಿಕದ ಆರು ಸಿಲಿಂಡರ್, ಪೆಟ್ರೋಲಿನದು. ಬೀಗದಕೈ ತಿರುಗಿಸಿದರೆ ಎಂಜಿನ್ ಚೆನ್ನಾಗಿಯೇ ಹಿಡಿಯುತ್ತಿತ್ತು. ಆದರೆ ಹಿಡಿದು ಕೈ ಬಿಟ್ಟ ಕೂಡಲೇ ಕೀಂ ಎಂದು ಒಂದು ಚೀರಾಟ, ದಡದ ಮೇಲಿದ್ದವರು ತಿರುಗಿ ನೋಡುವಷ್ಟು. ಬೋಟು ಕೊಂಡ ಕಡೆಯ ಮೆಕ್ಯಾನಿಕ್ ಫೋನಿನಲ್ಲೇ ತೀರ್ಪು ಕೊಟ್ಟರು: ಫ್ಲೈವೀಲ್ ರಿಂಗ್ (ಸೆಲ್ಫ್ ಕಚ್ಚಿ ತಿರುಗಿಸುವ, ಎಂಜಿನ್ನಿನ ಹಲ್ಲಿನ ಬಳೆ) ಹೋಗಿದೆ, ಕ್ರೇನ್ ತರಿಸಿ, ಎಪ್ಪತ್ತು ಸಾವಿರದ ಆಸುಪಾಸು ಆಗುತ್ತದೆ.

ಎಲ್ಲಕ್ಕಿಂತ ಮೊದಲು ಕರೆಂಟು ನೋಡಿದೆ. ಬ್ಯಾಟರಿ ಸುಮ್ಮನಿದ್ದಾಗ 12.6, ಸೆಲ್ಫ್ ಹೊಡೆಯುವಾಗ 9.8 ವೋಲ್ಟ್. ಅರ್ತ್ ಕೇಬಲ್ಲಿನ ಎರಡು ತುದಿಗೆ ಮೀಟರ್ ಹಿಡಿದರೆ ಅಲ್ಲೇ ಸುಮಾರು 0.9 ವೋಲ್ಟ್ ತಿನ್ನುತ್ತಿತ್ತು. ತುದಿ ಬಿಚ್ಚಿದರೆ ಒಳಗೆಲ್ಲ ಹಸಿರು ಕಿಲುಬು. ಹೊಸ ಕೇಬಲ್ ಹಾಕಿದ ಮೇಲೆ 0.2ಕ್ಕೆ ಇಳಿಯಿತು, ಸೆಲ್ಫ್ ಚುರುಕಾಯಿತು. ಚೀರಾಟ ಮಾತ್ರ ಹಾಗೆಯೇ ಇತ್ತು.

ಸೆಲ್ಫ್ ಕುಳಿತಿರುವುದು ಎಂಜಿನ್ನಿನ ತಳದಲ್ಲಿ, ಬೋಟಿನೊಳಗೆ ನಿಲ್ಲುವ ನೀರಿಗೆ ಒಂದು ಗೇಣು ಮೇಲೆ. ಹೊಟ್ಟೆಯ ಮೇಲೆ ಮಲಗಿ ಬಿಚ್ಚಲು ಎರಡು ಗಂಟೆ ಬೇಕಾಯಿತು. ಮೂತಿಯ ಬುಷ್ (ಸೆಲ್ಫಿನ ಅಚ್ಚು ತಿರುಗುವ ಬಳೆ) ಮೊಟ್ಟೆಯಾಕಾರಕ್ಕೆ ಸವೆದಿತ್ತು, ಒಳಗೆ ತಿರುಗುವ ಆರ್ಮೇಚರ್ ಸುತ್ತಲಿನ ಫೀಲ್ಡಿಗೆ ಉಜ್ಜಿದ ಗುರುತಿತ್ತು. ಕಳ್ಳ ಸಿಕ್ಕಿದನೆಂದುಕೊಂಡೆ. ಬುಷ್, ಆರ್ಮೇಚರಿಗೆ ಕರೆಂಟು ದಾಟಿಸುವ ಕಾರ್ಬನ್, ರಿಂಗಿನ ಹಲ್ಲಿಗೆ ಕಚ್ಚುವ ಪುಟ್ಟ ಗಿಯರಾದ ಬೆಂಡಿಕ್ಸ್ ಎಲ್ಲವನ್ನೂ ಬದಲಿಸಿದೆ. ಸುಮಾರು ನಾಲ್ಕೂವರೆ ಸಾವಿರ ಖರ್ಚು. ಎರಡು ದಿನ ಮೌನ. ಮೂರನೆಯ ದಿನ ಮತ್ತೆ ಅದೇ ಕೀಂ. ಮಾಲೀಕರು ಏನೂ ಅನ್ನಲಿಲ್ಲ, ಆದರೆ ಕ್ರೇನಿನವರ ನಂಬರ್ ಕೇಳಿದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅದೇ ವಾರ ಇನ್ನೊಂದು ನಷ್ಟ. ಬೋಟನ್ನು ಟ್ರಾಲಿಯ ಮೇಲಿಟ್ಟು, ನೀರಿನ ಪೈಪು ಕೊಡದೆ ಒಂದು ನಿಮಿಷ ಎಂಜಿನ್ ಓಡಿಸಿಬಿಟ್ಟೆ. ಕೆರೆಯ ನೀರು ಎಳೆದು ತಂಪಾಗುವ ಎಂಜಿನ್ ಅದು. ಪಂಪಿನ ರಬ್ಬರ್ ರೆಕ್ಕೆ ಒಣಗಿ ಸುಟ್ಟಿತು. 2,800 ರೂಪಾಯಿಯನ್ನು ನಾನೇ ಕೊಟ್ಟೆ. ಲಾರಿಯ ಅಭ್ಯಾಸವನ್ನು ಬೋಟಿಗೆ ತರುವವರು ಇದನ್ನು ಮರೆಯಬಾರದು.

ಮಗನ ಮೊಬೈಲಿನಲ್ಲಿ ಸದ್ದನ್ನು ಹಿಡಿದು ಅರ್ಧ ವೇಗದಲ್ಲಿ ಕೇಳಿದೆ. ತಿರುಗಿಸುವಾಗ ಸದ್ದು ಸಲೀಸು, ಎಂಜಿನ್ ಹಿಡಿದ ಮೇಲೆಯೇ ಚೀರಾಟ. ಇಡೀ ಕೆಲಸದ ಕೀಲು ಇಲ್ಲೇ ಇತ್ತು. ಎಂಜಿನ್ ಬ್ಲಾಕಿನ ತಳಕ್ಕೆ ಬೋಲ್ಟಾಗುವ ಈ ಜಾತಿಯ ಸೆಲ್ಫಿನಲ್ಲಿ, ಎಂಜಿನ್ ಹಿಡಿಯುವ ಮುಂಚೆ ಚೀರಿದರೆ ಬೆಂಡಿಕ್ಸ್ ರಿಂಗಿನಿಂದ ದೂರವಿದೆ ಎಂದರ್ಥ. ಹಿಡಿದ ಮೇಲೆ, ಕೈ ಬಿಡುವಾಗ ಚೀರಿದರೆ ತೀರಾ ಹತ್ತಿರ ಕೂತಿದೆ ಎಂದರ್ಥ. (ಟ್ರ್ಯಾಕ್ಟರಿನ ಸೆಲ್ಫಿಗೆ ಈ ಲೆಕ್ಕ ನಡೆಯದು. ಅದು ಫ್ಲೇಂಜಿನಲ್ಲಿ, ಅಂದರೆ ಅಳತೆಗೆ ಕೊರೆದ ಚಾಚಿನಲ್ಲಿ, ಕೂರುತ್ತದೆ, ಜರುಗಿಸಲು ಜಾಗವೇ ಇಲ್ಲ. ನಾನು ಒಂದರ ಮೇಲೆ ಪ್ರಯತ್ನಿಸಿ ಅರ್ಧ ದಿನ ಕಳೆದೆ.)

ಆದರೂ ರಿಂಗಿನ ಅನುಮಾನವನ್ನು ಬಾಕಿ ಉಳಿಸಬಾರದಲ್ಲ. ಪ್ಲಗ್ ಬಿಚ್ಚಿ, ಕೈಯಿಂದ ತಿರುಗಿಸುತ್ತ, ಸುಣ್ಣದ ಕಡ್ಡಿಯಲ್ಲಿ ಗುರುತು ಹಾಕಿ ನೂರೈವತ್ತಕ್ಕೂ ಹೆಚ್ಚು ಹಲ್ಲುಗಳನ್ನು ಒಂದೊಂದಾಗಿ ನೋಡಿದೆ. ಮೂರು ಕಡೆ ಸ್ವಲ್ಪ ಸವೆತವಿತ್ತು. ಆರು ಸಿಲಿಂಡರಿನ ಎಂಜಿನ್ ಆರಿದಾಗ ಹೆಚ್ಚಾಗಿ ಮೂರು ಜಾಗದಲ್ಲೇ ನಿಲ್ಲುತ್ತದೆ, ಸೆಲ್ಫ್ ಅಲ್ಲೇ ಹೊಡೆಯುತ್ತದೆ. ಆ ಸವೆತ ಸಹಜ. ಒಂದು ಹಲ್ಲೂ ಮುರಿದಿರಲಿಲ್ಲ.

ಬ್ಯಾಟರಿಯ ಅರ್ತ್ ತೆಗೆದು, ಬೆಂಡಿಕ್ಸನ್ನು ಸ್ಕ್ರೂ ಡ್ರೈವರಿನಿಂದ ರಿಂಗಿನೊಳಕ್ಕೆ ಎಳೆದು ಸಂದು ಅಳೆದೆ. ಅರ್ಧ ಮಿಲಿಮೀಟರಾದರೂ ಇರಬೇಕು. ನಮ್ಮ ಅಂಗಡಿಯ 25 ಗೇಜಿನ ವೈಂಡಿಂಗ್ ತಂತಿ ಸರಿಯಾಗಿ ಅಷ್ಟೇ ದಪ್ಪ. ತಂತಿ ತೂರಲಿಲ್ಲ. ಸೆಲ್ಫನ್ನು ಹಿಡಿದು ಅಲುಗಿಸಿದೆ, ಬೋಲ್ಟ್ ಬಿಗಿಯಾಗಿದ್ದರೂ ಕೂದಲೆಳೆಯಷ್ಟು ಜರುಗಿತು. ತಂತಿ ತೂರಿತು! ಬೋಲ್ಟ್ ಬಿಚ್ಚಿ ನೋಡಿದರೆ ಹಾರ್ಡ್‌ವೇರ್ ಅಂಗಡಿಯ ಸಾದಾ ಬೋಲ್ಟು. ಅಲ್ಲಿರಬೇಕಾದದ್ದು ಕತ್ತಿನಲ್ಲಿ ಗೀರು ಹೊಡೆದ ಮೂರು ಸೂತಿನ (3/8 ಅಂಗುಲದ) ಬೋಲ್ಟು. ಆ ಗೀರೇ ಸೆಲ್ಫನ್ನು ರಂಧ್ರದ ನಡುವೆ ಕಚ್ಚಿ ನಿಲ್ಲಿಸುತ್ತದೆ. ಹಿಂದೆ ಯಾರೋ ಬದಲಿಸಿದ್ದರು, ನಾನೂ ಮೊದಲ ಸಲ ಗಮನಿಸದೆ ಅದನ್ನೇ ಮತ್ತೆ ಬಿಗಿದಿದ್ದೆ. ಹೊಸದಾಗಿ ಬಿಗಿದಾಗ ಸರಿಯಾಗಿ ಕೂತ ಸೆಲ್ಫ್ ಆಮೇಲೆ ಜರುಗಿತ್ತು. ಹಾಗಾಗಿಯೇ ಎರಡು ದಿನದ ಮೌನ, ಹಾಗಾಗಿಯೇ ಬುಷ್ ಒಂದೇ ಕಡೆ ಸವೆದದ್ದು.

ಹಳೆಯ ಸೆಲ್ಫಿನ ಹೊರಮೈಗೆ ತುಕ್ಕು ತೂತು ಕೊರೆದಿತ್ತು, ಹೊಸದು ಬೇಕೇ ಆಯಿತು. ಅದೇ ಅಳತೆಯ ಕಾರಿನ ಸೆಲ್ಫ್ ಎಂಟು ಸಾವಿರಕ್ಕೆ ಸಿಗುತ್ತಿತ್ತು, ಮಾಲೀಕರಿಗೂ ಮನಸ್ಸಿತ್ತು. ನಾನು ಒಪ್ಪಲಿಲ್ಲ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ಬೋಟಿನ ತಳದಲ್ಲಿ ತುಂಬಿಕೊಳ್ಳುತ್ತದೆ. ಕಾರ್ಬನ್ನಿನ ಒಂದು ಕಿಡಿ ಸಾಕು. ಕಿಡಿ ಹೊರಬರದಂತೆ ಮುಚ್ಚಿದ ಬೋಟಿನ ಸೆಲ್ಫನ್ನೇ ತರಿಸಿದೆವು, ಸುಮಾರು ಇಪ್ಪತ್ತೆರಡು ಸಾವಿರ. ಬೋಲ್ಟಿನ ಜೋಡಿಗೆ ಕೊರಿಯರ್ ಸೇರಿ ಸಾವಿರದ ನೂರು.

ಸಂದು ಇನ್ನೂ ಸ್ವಲ್ಪ ಕಡಿಮೆ ಇದ್ದುದರಿಂದ ಒಂದು ಶಿಮ್ (ಸೆಲ್ಫಿಗೂ ಬ್ಲಾಕಿಗೂ ನಡುವೆ ಇಡುವ ತೆಳು ತಗಡು) ಕೊಡಬೇಕಾಯಿತು. ಎಣ್ಣೆ ಡಬ್ಬದ ತಗಡಿನಿಂದ ಮಾಡಿದ್ದು ನಾಲ್ಕು ದಿನಕ್ಕೆ ನುಜ್ಜಾಯಿತು. ಆಮೇಲೆ ಹಿತ್ತಾಳೆ ಹಾಳೆಯಿಂದ ಕತ್ತರಿಸಿದೆ. ಒಂಟಿ ಕೈಯಲ್ಲಿ ಸೆಲ್ಫ್ ಎತ್ತಿ ಹಿಡಿದು ಶಿಮ್ ಬೀಳದಂತೆ ಕೂರಿಸುವ ಉಪಾಯವೊಂದಿದೆ. ಅದು ನನ್ನ ಅನ್ನ, ಇಲ್ಲಿ ಬರೆಯುವುದಿಲ್ಲ.

ಎಲ್ಲ ಸೇರಿ ಮೂವತ್ತೊಂದು ಸಾವಿರದೊಳಗೆ ಮುಗಿಯಿತು. ತಳದ ಆವಿಯನ್ನು ಹೊರಹಾಕುವ ಬ್ಲೋವರನ್ನು ನಾಲ್ಕು ನಿಮಿಷ ಓಡಿಸಿ ಮಾಲೀಕರೇ ಬೀಗದಕೈ ತಿರುಗಿಸಿದರು. ಎಂಜಿನ್ ಹಿಡಿಯಿತು, ಕೈ ಬಿಟ್ಟರು, ನೀರಿನ ಸದ್ದು ಕೇಳಿಸಿತು. ಮೂವರಲ್ಲಿ ಒಬ್ಬರು ಅಲ್ಲೇ ಇದ್ದರು, ಇನ್ನೊಮ್ಮೆ ಹೊಡೆಯಿರಿ ಎಂದರು. ಹನ್ನೊಂದು ಸಲ ಹೊಡೆಸಿದರು. ವಾರದ ನಂತರ ಹೋಗಿ ಬೋಲ್ಟಿಗೆ ಸ್ಪ್ಯಾನರ್ ಕೊಟ್ಟೆ, ಕಾಲು ಸುತ್ತೂ ತಿರುಗಲಿಲ್ಲ.