ಹೊಕ್ಕುಳಬಳ್ಳಿಯ ರಕ್ತದಾನ: ಏಳನೇ ತಿಂಗಳಲ್ಲೇ ಕೇಳಿಕೊಳ್ಳಬೇಕಾದ ಮಾತು

ಕಳೆದ ವರ್ಷ ನನ್ನ ತಂಗಿಯ ಮಗಳು ಚೊಚ್ಚಲ ಹೆರಿಗೆಗೆಂದು ಶಿರಸಿಯ ತವರಿಗೆ ಬಂದಿದ್ದಳು. ಏಳನೇ ತಿಂಗಳ ತಪಾಸಣೆ ಮುಗಿಸಿ ಬಂದವಳ ಕೈಯಲ್ಲಿ ತಾಯಿ ಕಾರ್ಡಿನ ಜೊತೆಗೆ ನುಣುಪು ಕಾಗದದ ಪುಸ್ತಿಕೆಯೊಂದಿತ್ತು. ಹೊಕ್ಕುಳಬಳ್ಳಿಯ ರಕ್ತವನ್ನು ಹಣ ಕಟ್ಟಿ ಕಾಪಿಟ್ಟರೆ ಎಂಬತ್ತು ಕಾಯಿಲೆಗಳಿಗೆ ಮದ್ದು ಮಗುವಿನ ಹೆಸರಿನಲ್ಲೇ ಇದ್ದಂತೆ ಎಂದು ಅದರಲ್ಲಿ ಬರೆದಿತ್ತು. ಕಂತಿನಲ್ಲಿ ಕಟ್ಟುವ ಅನುಕೂಲವೂ ಇತ್ತು. "ಈ ಸಲದ ಅಡಿಕೆ ಮಾರಿದ ದುಡ್ಡಿನಲ್ಲಿ ಕಟ್ಟಿಬಿಡೋಣವೇ?" ಎಂದು ಭಾವ ನನ್ನನ್ನು ಕೇಳಿದರು. ಮೊಮ್ಮಗುವಿನ ವಿಷಯದಲ್ಲಿ ಜಿಪುಣತನ ಮಾಡಿದೆವು ಎಂಬ ಕೊರಗು ಉಳಿಯಬಾರದೆಂಬ ಆತಂಕ ಅವರ ಮುಖದಲ್ಲಿತ್ತು. ಅವರಿಗೆ ಹೇಳಿದ್ದನ್ನೇ ಇಲ್ಲಿ ಇನ್ನಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ಆ ರಕ್ತಕ್ಕೆ ಬೆಲೆಯಿರುವುದು ನಿಜ. ಆದರೆ ಅದು ಒದಗಿಬರುವುದು ಹೆಚ್ಚಾಗಿ ಬೇರೆ ಮನೆಯ ಮಗುವಿಗೆ.

ಮಾಸಿನೊಳಗೆ ಉಳಿದ ರಕ್ತ

ಮನೆಯಲ್ಲೇ ಹೆರಿಗೆಯಾಗುತ್ತಿದ್ದ ಕಾಲದಲ್ಲಿ ಮಾಸನ್ನು ಹಿತ್ತಲಿನಲ್ಲಿ ಹೂಳುತ್ತಿದ್ದರು. ಈಗ ಆಸ್ಪತ್ರೆಗಳಲ್ಲಿ ಅದು ಹಳದಿ ಚೀಲಕ್ಕೆ, ಅಲ್ಲಿಂದ ಸುಡುವ ಕುಲುಮೆಗೆ ಹೋಗುತ್ತದೆ. ಬಳ್ಳಿ ಕತ್ತರಿಸಿದ ಮೇಲೂ ಮಾಸಿನಲ್ಲಿ ಮಗುವಿನ ರಕ್ತ ಒಂದಿಷ್ಟು ಉಳಿದಿರುತ್ತದೆ. ಕೆಂಪು ಕಣ, ಬಿಳಿ ಕಣ, ಕಿರುಬಿಲ್ಲೆ (ಪ್ಲೇಟ್‌ಲೆಟ್) ಎಲ್ಲವನ್ನೂ ಹುಟ್ಟಿಸಬಲ್ಲ ಕಾಂಡಕೋಶಗಳು ಅದರಲ್ಲಿವೆ. ನಮ್ಮ ಮೂಳೆಯ ಮಜ್ಜೆಯಲ್ಲಿರುವುದೂ ಇದೇ ಜಾತಿಯ ಕೋಶಗಳು. ರಕ್ತದ ಕ್ಯಾನ್ಸರ್, ತಂದೆ ತಾಯಿಯಿಂದ ಬರುವ ರಕ್ತಹೀನತೆಯಾದ ಥಲಸ್ಸೇಮಿಯಾ, ಮಜ್ಜೆ ಬತ್ತಿಹೋಗುವ ಅಪ್ಲಾಸ್ಟಿಕ್ ಅನೀಮಿಯಾ, ಹುಟ್ಟಿನಿಂದಲೇ ರೋಗನಿರೋಧಕ ಶಕ್ತಿ ಇಲ್ಲದಿರುವುದು, ಇಂಥ ಕಾಯಿಲೆಗಳಲ್ಲಿ ರೋಗಿಯ ಕೆಟ್ಟ ಮಜ್ಜೆಯನ್ನು ಔಷಧಿಯಿಂದ ಅಳಿಸಿ, ಹೊಸ ಕಾಂಡಕೋಶಗಳನ್ನು ರಕ್ತನಾಳದ ಮೂಲಕ ಹರಿಸುತ್ತಾರೆ. ಅವು ತಾವಾಗಿಯೇ ಮೂಳೆಯನ್ನು ಹುಡುಕಿಕೊಂಡು ಹೋಗಿ ನೆಲೆಸುತ್ತವೆ. ಇದನ್ನು ಓದಿದಾಗಲೆಲ್ಲ ನನಗೆ ಸೋಜಿಗವಾಗುತ್ತದೆ.

ಮೊದಲ ಬಾರಿ ಇದು ನಡೆದದ್ದು 1988ರಲ್ಲಿ, ಪ್ಯಾರಿಸ್‌ನಲ್ಲಿ. ಮಜ್ಜೆ ಸೋಲುವ ಆನುವಂಶಿಕ ಕಾಯಿಲೆಯಾದ ಫ್ಯಾಂಕೋನಿ ಅನೀಮಿಯಾ ಇದ್ದ ಐದು ವರ್ಷದ ಹುಡುಗನಿಗೆ ಡಾ. ಎಲಿಯಾನ್ ಗ್ಲಕ್‌ಮನ್ ಅವರ ತಂಡ, ಅವನ ತಂಗಿ ಹುಟ್ಟಿದಾಗ ಕಾಪಿಟ್ಟಿದ್ದ ಹೊಕ್ಕುಳಬಳ್ಳಿಯ ರಕ್ತ ಕೊಟ್ಟಿತು. ಹುಡುಗ ಚೇತರಿಸಿಕೊಂಡ. 1992ರಲ್ಲಿ ನ್ಯೂಯಾರ್ಕ್‌ನಲ್ಲಿ ಈ ರಕ್ತವನ್ನು ಕಾಪಿಡುವ ಮೊದಲ ಸಾರ್ವಜನಿಕ ಬ್ಯಾಂಕ್ ಶುರುವಾಯಿತು. ಅಲ್ಲಿ ಕೊಟ್ಟವರು ಹಣ ಕಟ್ಟಬೇಕಾಗಿಲ್ಲ, ತಮಗೇ ಬೇಕೆಂದು ಹಕ್ಕು ಸ್ಥಾಪಿಸುವಂತೆಯೂ ಇಲ್ಲ. ಯಾವ ರೋಗಿಗೆ ಹೊಂದುತ್ತದೋ ಅವರಿಗೆ ಅದು ಸಲ್ಲುತ್ತದೆ.

ನಮ್ಮ ಜಿಲ್ಲೆಯವರು ಯಾಕೆ ಮುಖ್ಯ

ಕಾಂಡಕೋಶದ ಹೊಂದಿಕೆ ಎಂದರೆ ರಕ್ತದ ಗುಂಪಿನ ಹೊಂದಿಕೆಯಲ್ಲ. ಕೋಶಗಳ ಮೇಲಿರುವ ಎಚ್‌ಎಲ್‌ಎ ಎಂಬ ಗುರುತುಗಳು ಹೊಂದಬೇಕು. ಇವು ತಂದೆಯಿಂದ ಅರ್ಧ, ತಾಯಿಯಿಂದ ಅರ್ಧ ಬರುತ್ತವೆ. ಆದ್ದರಿಂದ ಒಂದೇ ಸಮುದಾಯದೊಳಗೆ ತಲೆತಲಾಂತರದಿಂದ ಮದುವೆಯಾಗುತ್ತ ಬಂದವರಿಗೆ ಹೊಂದಿಕೆ ಸಿಗುವ ಸಾಧ್ಯತೆ ಆ ಸಮುದಾಯದಲ್ಲೇ ಹೆಚ್ಚು. ಉತ್ತರ ಕನ್ನಡವನ್ನೊಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಅಂಕೋಲೆ, ಕುಮಟೆಗಳ ಹಾಲಕ್ಕಿಗಳು, ಯಲ್ಲಾಪುರ ಮತ್ತು ಹಳಿಯಾಳದ ಕಾಡಂಚಿನಲ್ಲಿ ಆಫ್ರಿಕಾ ಮೂಲದ ಸಿದ್ದಿಗಳು, ಗೌಳಿಗಳು, ಭಟ್ಕಳದ ನವಾಯತರು, ಕಡಲ ದಂಡೆಯ ಖಾರ್ವಿಗಳು, ಘಟ್ಟದ ಮೇಲಿನ ಹವ್ಯಕರು. ಇವರಲ್ಲೊಬ್ಬರ ಮಗುವಿಗೆ ದಾನಿ ಬೇಕಾದಾಗ ದೆಹಲಿಯ, ಜರ್ಮನಿಯ ನೋಂದಣಿ ಪಟ್ಟಿಯಲ್ಲಿ ಹುಡುಕಿ ಸಿಗುವುದೆಷ್ಟು?

ಹೊಕ್ಕುಳಬಳ್ಳಿ ರಕ್ತದ ದೊಡ್ಡ ಗುಣ ಇಲ್ಲಿದೆ. ಸಂಬಂಧಿಕರಲ್ಲದ ವಯಸ್ಕ ದಾನಿಯ ಮಜ್ಜೆಯಾದರೆ ಎಂಟಕ್ಕೆ ಎಂಟು ಗುರುತುಗಳೂ ಹೊಂದಲಿ ಎಂದು ವೈದ್ಯರು ಹುಡುಕುತ್ತಾರೆ. ಎಳೆಯ ರಕ್ತದ ಕೋಶಗಳು ಇನ್ನೂ ಪಳಗದವು, ಹೊಸ ದೇಹದೊಡನೆ ಅಷ್ಟು ಜಗಳ ತೆಗೆಯುವುದಿಲ್ಲ. ಇದಕ್ಕೆ ನೋಡುವ ಆರು ಗುರುತುಗಳಲ್ಲಿ ನಾಲ್ಕು ಹೊಂದಿದರೂ ಕಸಿ ಮಾಡಿದ್ದುಂಟು. ಕೊರತೆಯೂ ಇದೆ. ಕೋಶಗಳ ಸಂಖ್ಯೆ ಕಡಿಮೆಯಾದ್ದರಿಂದ ಕಸಿ ಚಿಗುರಲು ಹೆಚ್ಚು ದಿನ ಬೇಕು, ಅಷ್ಟೂ ದಿನ ರೋಗಿಗೆ ಸೋಂಕಿನ ಭಯ. ಈಚೆಗೆ ಅರ್ಧ ಹೊಂದಿಕೆಯಿರುವ ತಂದೆ ತಾಯಿಯಿಂದಲೇ ಮಜ್ಜೆ ಪಡೆಯುವ ವಿಧಾನ ಸುಧಾರಿಸಿ, ಹೊಕ್ಕುಳಬಳ್ಳಿ ರಕ್ತದ ಬಳಕೆ ಜಗತ್ತಿನಲ್ಲಿ ಮೊದಲಿಗಿಂತ ಇಳಿದಿದೆ. ಇದನ್ನು ಮುಚ್ಚಿಟ್ಟು ದಾನ ಮಾಡಿ ಎಂದರೆ ತಪ್ಪಾಗುತ್ತದೆ.

ಮೊದಲು ಕೇಳಿ, ಆಮೇಲೆ ಸಹಿ

ಹೆರಿಗೆ ನೋವು ಶುರುವಾದ ಮೇಲೆ ಈ ಮಾತು ಎತ್ತುವಂತಿಲ್ಲ. ಏಳನೇ ತಿಂಗಳಿನಲ್ಲೇ ನಿಮ್ಮ ಪ್ರಸೂತಿ ವೈದ್ಯರನ್ನು ಕೇಳಿ: ಈ ಆಸ್ಪತ್ರೆಗೆ ಸಾರ್ವಜನಿಕ ಬ್ಯಾಂಕಿನ ಜೊತೆ ಒಪ್ಪಂದವಿದೆಯೇ? ಸಂಗ್ರಹಿಸಲು ತರಬೇತಾದವರು ಇದ್ದಾರೆಯೇ? ಒಪ್ಪಂದವಿಲ್ಲದ ಕಡೆ ದಾನ ಸಾಧ್ಯವಿಲ್ಲ. ನಮ್ಮ ಜಿಲ್ಲೆಯಲ್ಲಿ ಅಂಥ ಬ್ಯಾಂಕ್ ಇಲ್ಲ. ದೊಡ್ಡ ನಗರದಲ್ಲಿ ಹೆರಿಗೆ ಮಾಡಿಸಿಕೊಳ್ಳುವವರು ಅಲ್ಲಿಯೇ ವಿಚಾರಿಸಬೇಕು. ಬ್ಯಾಂಕಿಗೆ ಔಷಧ ಮತ್ತು ಪ್ರಸಾಧನ ಸಾಮಗ್ರಿ ಕಾಯ್ದೆಯಡಿ ಪರವಾನಗಿ ಇರಲೇಬೇಕು. ಅದನ್ನು ತೋರಿಸಿ ಎಂದು ಕೇಳಲು ಸಂಕೋಚ ಬೇಡ.

ಒಪ್ಪಿಗೆ ಪತ್ರಕ್ಕೆ ತಾಯಿ ಸಹಿ ಹಾಕಬೇಕು, ಅತ್ತೆಯೂ ಅಲ್ಲ, ಗಂಡನೂ ಅಲ್ಲ. ಆಕೆಗೆ 18 ತುಂಬಿರಬೇಕು. ಅವಳಿ ಮಕ್ಕಳಿದ್ದರೆ, ದಿನ ತುಂಬುವ ಬಹಳ ಮೊದಲೇ ಹೆರಿಗೆಯಾದರೆ, ನೋವಿನ ಹೊತ್ತಿನಲ್ಲಿ ಜ್ವರ ಬಂದರೆ ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ಮನೆತನದಲ್ಲಿ ರಕ್ತದ ಕಾಯಿಲೆಗಳಿವೆಯೇ ಎಂದು ಕೇಳುತ್ತಾರೆ. ಮರ್ಯಾದೆಯ ಪ್ರಶ್ನೆ ಎಂದು ಮುಚ್ಚಿಡಬೇಡಿ. ಆ ಕಾಯಿಲೆ ಇನ್ನೊಂದು ಮಗುವಿಗೆ ದಾಟಿಬಿಡಬಹುದು. ತಾಯಿಯ ರಕ್ತದಲ್ಲಿ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾ ಪರೀಕ್ಷೆಗಳನ್ನೂ ಮಾಡುತ್ತಾರೆ.

ಹೆರಿಗೆ ಕೋಣೆಯಲ್ಲಿ

ಮಗು ಹುಟ್ಟಿದ ಕೂಡಲೇ ಬಳ್ಳಿ ಕತ್ತರಿಸಲು ಅವಸರಿಸಬಾರದು. ಕನಿಷ್ಠ ಒಂದು ನಿಮಿಷ ಕಾಯಿರಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಆ ಹೊತ್ತಿನಲ್ಲಿ ಮಾಸಿನಿಂದ ಮಗುವಿಗೆ ಹರಿಯುವ ರಕ್ತ ಮುಂದಿನ ತಿಂಗಳುಗಳಿಗೆ ಬೇಕಾದ ಕಬ್ಬಿಣಾಂಶದ ಬುತ್ತಿ. ರಕ್ತಹೀನತೆ ಇಷ್ಟು ವ್ಯಾಪಕವಾಗಿರುವ ನಮ್ಮಲ್ಲಿ ಆ ಬುತ್ತಿಯನ್ನು ಕಸಿದುಕೊಂಡು ಚೀಲ ತುಂಬಿಸುವುದು ನನಗೆ ಒಪ್ಪಿಗೆಯಲ್ಲ. ಕಾದರೆ ದಾನಕ್ಕೆ ಸಿಗುವ ರಕ್ತ ಕಡಿಮೆಯಾಗುತ್ತದೆ, ನಿಜ. ಆಗಲಿ. ಹುಟ್ಟಿದ ಮಗುವಿನ ಪಾಲು ಮೊದಲು.

ಬಳ್ಳಿಗೆ ಎರಡು ಕಡೆ ಕ್ಲಿಪ್ ಹಾಕಿ ನಡುವೆ ಕತ್ತರಿಸಿ ಮಗುವನ್ನು ತಾಯಿಯ ಎದೆಗೆ ಕೊಟ್ಟ ಮೇಲೆ ಸಂಗ್ರಹ ಶುರುವಾಗುತ್ತದೆ. ಮಾಸಿನ ಕಡೆ ಉಳಿದ ಬಳ್ಳಿಯನ್ನು ಸೋಂಕುನಿವಾರಕದಿಂದ ಚೆನ್ನಾಗಿ ಒರೆಸುತ್ತಾರೆ. ಬಳ್ಳಿಯಲ್ಲಿ ಎರಡು ಸಣ್ಣ ಅಪಧಮನಿಗಳು, ಒಂದು ದಪ್ಪ ಅಭಿಧಮನಿ ಇರುತ್ತವೆ. ಬಿಳಿ ಲೋಳೆಯ ನಡುವೆ ನೀಲಿಯಾಗಿ ಉಬ್ಬಿ ಕಾಣುವ ಆ ಅಭಿಧಮನಿಗೆ ಸೂಜಿ ಚುಚ್ಚಿ, ಚೀಲವನ್ನು ಮಂಚಕ್ಕಿಂತ ಕೆಳಗೆ ಹಿಡಿಯುತ್ತಾರೆ. ರಕ್ತ ತನ್ನ ಭಾರದಿಂದಲೇ ಇಳಿಯುತ್ತದೆ. ಹೆಪ್ಪುಗಟ್ಟದಿರಲೆಂದು ಚೀಲದಲ್ಲಿ ಮೊದಲೇ ದ್ರಾವಣವಿರುತ್ತದೆ, ಅದರೊಂದಿಗೆ ಬೆರೆಯಲು ಚೀಲವನ್ನು ತೊಟ್ಟಿಲಿನಂತೆ ತೂಗುತ್ತಿರಬೇಕು. ಕೆಲವೇ ನಿಮಿಷಗಳಲ್ಲಿ ಉಬ್ಬಿದ್ದ ಬಳ್ಳಿ ಚಪ್ಪಟೆಯಾಗಿ ಬಿಳುಚಿಕೊಳ್ಳುತ್ತದೆ. ಅಲ್ಲಿಗೆ ಮುಗಿಯಿತು. ತಾಯಿಗೂ ನೋವಿಲ್ಲ, ಮಗುವಿಗೂ ಇಲ್ಲ. ತಾಯಿಗೆ ರಕ್ತಸ್ರಾವ ಹೆಚ್ಚಾದರೆ ಅಥವಾ ಮಗು ಅಳದಿದ್ದರೆ ಎಲ್ಲರೂ ಚೀಲವನ್ನು ಬದಿಗಿಟ್ಟು ಅವರತ್ತ ಓಡಬೇಕು, ಈ ಮಾತನ್ನು ಮೊದಲೇ ಆಡಿಕೊಂಡಿರಿ.

48 ಗಂಟೆ ಮತ್ತು ಘಟ್ಟದ ದಾರಿ

ಸಂಗ್ರಹಿಸಿದ ರಕ್ತ ಸಾಮಾನ್ಯವಾಗಿ 48 ಗಂಟೆಗಳೊಳಗೆ ಸಂಸ್ಕರಣೆಯಾಗಿ ಶೈತ್ಯಕ್ಕೆ ಸೇರಬೇಕು. ಕಾಗದದ ಮೇಲೆ ಇದು ಧಾರಾಳ ಸಮಯ. ಆದರೆ ಆಷಾಢದ ಮಳೆಯಲ್ಲಿ ದೇವಿಮನೆ ಘಟ್ಟ, ಅರಬೈಲು ಘಟ್ಟ ಹತ್ತಿಳಿದವರನ್ನು ಕೇಳಿ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ದಿನಗಟ್ಟಲೆ ಬಂದ್ ಆಗಿತ್ತು. ಮರುತಿಂಗಳು ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಮುರಿದುಬಿತ್ತು. ರೋಗಿಯನ್ನೇ ಹುಬ್ಬಳ್ಳಿಗೋ ಮಂಗಳೂರಿಗೋ ಮಣಿಪಾಲಕ್ಕೋ ಸಾಗಿಸಲು ಪರದಾಡುವ ಜಿಲ್ಲೆ ನಮ್ಮದು. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗಾಗಿ ಜನ ಬೀದಿಗಿಳಿದು ಕೇಳುತ್ತಲೇ ಇದ್ದಾರೆ. ಆ ಬೇಡಿಕೆಯ ಜೊತೆಗೆ ಸಂಗ್ರಹ ಕೇಂದ್ರದ ಮಾತೂ ಸೇರಲಿ ಎಂಬುದು ನನ್ನ ಆಸೆ.

ಪ್ರಯೋಗಾಲಯದಲ್ಲಿ ಕೆಂಪು ಕಣ, ಪ್ಲಾಸ್ಮಾ ಬೇರ್ಪಡಿಸಿ, ಉಳಿದ ಒಂದೆರಡು ಚಮಚೆಯಷ್ಟು ಸಾರಕ್ಕೆ ಡಿಎಂಎಸ್‌ಒ ಎಂಬ ರಕ್ಷಕ ದ್ರವ ಬೆರೆಸುತ್ತಾರೆ. ನಿಧಾನವಾಗಿ ತಣಿಸಿ, ದ್ರವ ಸಾರಜನಕದಲ್ಲಿ ಮೈನಸ್ 196 ಡಿಗ್ರಿಯಲ್ಲಿ ಇಡುತ್ತಾರೆ. 20 ವರ್ಷ ದಾಟಿದರೂ ಕೋಶಗಳು ಬದುಕಿರುವುದು ಪರೀಕ್ಷೆಗಳಲ್ಲಿ ಕಂಡಿದೆ.

ಆದರೆ ಕೊಟ್ಟದ್ದೆಲ್ಲ ಅಲ್ಲಿಯವರೆಗೆ ತಲುಪುವುದಿಲ್ಲ. ರೋಗಿಯ ತೂಕದ ಪ್ರತಿ ಕಿಲೋಗೆ ಸುಮಾರು 2.5 ಕೋಟಿ ಕೋಶಗಳಾದರೂ ಬೇಕು. 20 ಕಿಲೋದ ಮಗುವಿಗೆ 50 ಕೋಟಿ, 60 ಕಿಲೋದವರಿಗೆ 150 ಕೋಟಿ. ಒಂದು ಹೆರಿಗೆಯಲ್ಲಿ ಅಷ್ಟು ಸಿಗದಿರುವುದೇ ಹೆಚ್ಚು. ಹಾಗಾಗಿ ಮಕ್ಕಳಿಗೆ ಇದು ಹೆಚ್ಚು ಒದಗುತ್ತದೆ, ದೊಡ್ಡವರಿಗೆ ಕೆಲವೊಮ್ಮೆ ಎರಡು ಚೀಲ ಸೇರಿಸುತ್ತಾರೆ. ನಿಮ್ಮದು ಎಣಿಕೆಯಲ್ಲಿ ಸಾಲದೆ ಹೋಯಿತೆಂದು ತಿಳಿದರೆ ಬೇಸರಿಸಬೇಡಿ, ಸಾಮಾನ್ಯವಾಗಿ ಅದು ಸಂಶೋಧನೆಗೆ ಹೋಗುತ್ತದೆ.

ಮನೆಯಲ್ಲೇ ರೋಗಿಯಿದ್ದರೆ

ಮೊದಲ ಮಗುವಿಗೆ ಥಲಸ್ಸೇಮಿಯಾ ಇದ್ದು ತಾಯಿ ಮತ್ತೆ ಗರ್ಭಿಣಿಯಾಗಿದ್ದರೆ ಲೆಕ್ಕವೇ ಬೇರೆ. ಆಗ ಆ ರಕ್ತವನ್ನು ಬಿಡಬಾರದು. ಒಡಹುಟ್ಟಿದವರ ಎಚ್‌ಎಲ್‌ಎ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲೊಂದು. ಹೊಸ ಮಗುವಿಗೂ ಅದೇ ಕಾಯಿಲೆ ಬರುವ ಸಾಧ್ಯತೆಯೂ ನಾಲ್ಕರಲ್ಲೊಂದು. ಎಚ್‌ಎಲ್‌ಎ ಆರನೇ ವರ್ಣತಂತುವಿನಲ್ಲಿದೆ, ಬೀಟಾ ಥಲಸ್ಸೇಮಿಯಾದ ಜೀನು ಹನ್ನೊಂದರಲ್ಲಿದೆ, ಒಂದಕ್ಕೊಂದು ಸಂಬಂಧವಿಲ್ಲ. ಹೀಗಾಗಿ ಕಾಯಿಲೆಯಿಲ್ಲದ, ಹೊಂದುವ ಮಗು ಹುಟ್ಟುವುದು ಹದಿನಾರರಲ್ಲಿ ಮೂರು ಸಲ. ಗರ್ಭ ನಿಂತ ಕೂಡಲೇ ಮಗುವಿನ ರಕ್ತರೋಗ ತಜ್ಞರಿಗೆ ತಿಳಿಸಿ. ಭ್ರೂಣದ ಪರೀಕ್ಷೆ, ಸಂಗ್ರಹ ಎರಡನ್ನೂ ಅವರು ಹೊಂದಿಸುತ್ತಾರೆ.

ಅಂಥ ಕಾರಣವಿಲ್ಲದೆ ಸ್ವಂತಕ್ಕೆ ಕಾಪಿಡುವುದನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಮಕ್ಕಳ ತಜ್ಞರ ರಾಷ್ಟ್ರೀಯ ಸಂಘವೂ ಒಪ್ಪುವುದಿಲ್ಲ. ಥಲಸ್ಸೇಮಿಯಾ ಇರುವ ಮಗುವಿನ ಸ್ವಂತ ರಕ್ತದಲ್ಲೂ ಅದೇ ದೋಷದ ಜೀನು ಇರುತ್ತದೆ, ಮತ್ತೆ ಅದನ್ನೇ ಕೊಟ್ಟು ಏನು ಫಲ? ಸ್ವಂತ ರಕ್ತ ಸ್ವಂತಕ್ಕೇ ಬೇಕಾಗುವ ಸಾಧ್ಯತೆ 2,500ರಲ್ಲಿ ಒಬ್ಬರಿಂದ ಹಿಡಿದು 2 ಲಕ್ಷದಲ್ಲಿ ಒಬ್ಬರವರೆಗೆ ಎಂದು ಮಕ್ಕಳ ತಜ್ಞರ ಸಂಘದ ಲೆಕ್ಕ. ಬಳ್ಳಿಯ ಅಂಗಾಂಶ, ಹಾಲುಹಲ್ಲು ಮುಂತಾದವನ್ನು ವಾಣಿಜ್ಯವಾಗಿ ಶೇಖರಿಸುವುದಕ್ಕಂತೂ ಮಂಡಳಿಯ 2017ರ ಮಾರ್ಗಸೂಚಿಯಲ್ಲಿ ಅನುಮತಿಯೇ ಇಲ್ಲ. ಇಷ್ಟು ಹೇಳಿದ ಮೇಲೆ ಭಾವ ಪುಸ್ತಿಕೆ ಮಡಚಿಟ್ಟರು.

ದಾನದ ಸೌಲಭ್ಯ ಸಿಗದಿದ್ದರೆ

ಕಾರವಾರ, ಶಿರಸಿಯ ಹೆಚ್ಚಿನವರ ಸ್ಥಿತಿ ಇದೇ. ಅವರು ತಾವೇ ಕಾಂಡಕೋಶ ದಾನಿಗಳಾಗಿ ನೋಂದಾಯಿಸಬಹುದು. ಬೆಂಗಳೂರಿನ ಡಿಕೆಎಂಎಸ್ ಫೌಂಡೇಶನ್ ಇಂಡಿಯಾ, ಚೆನ್ನೈನ ದಾತ್ರಿ ಇಂಥ ನೋಂದಣಿ ಸಂಸ್ಥೆಗಳು. 18ರಿಂದ 50ರೊಳಗಿನ ಆರೋಗ್ಯವಂತರು ಹತ್ತಿಯ ಕಡ್ಡಿಯನ್ನು ಕೆನ್ನೆಯ ಒಳಬದಿಗೆ ಉಜ್ಜಿ ಮಾದರಿ ಕೊಟ್ಟರೆ ಸಾಕು. ಯಾರಿಗಾದರೂ ಹೊಂದಿಕೆಯಾದರೆ ಕರೆ ಬರುತ್ತದೆ. ಐದು ದಿನ ಚುಚ್ಚುಮದ್ದು ತೆಗೆದುಕೊಂಡು, ಪ್ಲೇಟ್‌ಲೆಟ್ ಕೊಟ್ಟಂತೆ ಕೆಲವು ಗಂಟೆ ಯಂತ್ರದ ಪಕ್ಕ ಮಲಗಿದರೆ ಕೋಶಗಳು ತೋಳಿನ ರಕ್ತದಿಂದಲೇ ಸಿಗುತ್ತವೆ.

ತಂಗಿಯ ಮಗಳ ಗಂಡ, ಅವನ ಇಬ್ಬರು ತಮ್ಮಂದಿರು ಹಾಗೆಯೇ ಮಾಡಿದರು. ಜಗಲಿಯಲ್ಲಿ ಕುಳಿತು ಕೆನ್ನೆಗೆ ಕಡ್ಡಿ ಉಜ್ಜಿ, ಲಕೋಟೆಗೆ ಅಂಟು ಹಚ್ಚುವಷ್ಟರಲ್ಲಿ ಒಳಗೆ ಮಗು ಎದ್ದು ಅಳುತ್ತಿತ್ತು. ನೋಂದಾಯಿಸಿದವರು ಮೊಬೈಲ್ ಸಂಖ್ಯೆ ಅಥವಾ ಊರು ಬದಲಾಯಿಸಿದರೆ ಸಂಸ್ಥೆಗೆ ತಿಳಿಸಬೇಕು. ಕರೆ ಹತ್ತು ವರ್ಷ ಬಿಟ್ಟು ಬಂದರೂ ಬರಬಹುದು.