ಜಿಎಸ್‌ಟಿ ನೋಟಿಸ್‌ಗೆ ವಕೀಲರು ಬೇಕೇ? ನನ್ನ ಅನುಭವ

ಚಾಮರಾಜಪೇಟೆಯಲ್ಲಿ ನಮ್ಮದೊಂದು ಸಣ್ಣ ಪ್ರೆಸ್. ಅಪ್ಪ ಅಚ್ಚಿನ ಮೊಳೆ ಜೋಡಿಸುವ ಕಾಲದಲ್ಲಿ ಶುರುಮಾಡಿದ್ದು. ಈಗ ಎರಡು ಆಫ್‌ಸೆಟ್ ಯಂತ್ರಗಳಿವೆ, ಆರು ಜನ ಕೆಲಸಗಾರರಿದ್ದಾರೆ. ಜಿಎಸ್‌ಟಿ ಬಂದ ಮೇಲೆ ನಮಗೆ ಎರಡು ನೋಟಿಸ್ ಬಂದಿವೆ. ಒಂದಕ್ಕೆ ವಕೀಲರನ್ನು ಹಿಡಿಯಲಿಲ್ಲ, ಇನ್ನೊಂದಕ್ಕೆ ಹಿಡಿದೆ.

ಮೊದಲನೆಯದು 2023ರ ಸೆಪ್ಟೆಂಬರ್‌ನಲ್ಲಿ ಬಂದದ್ದು, 2017-18ರ ಲೆಕ್ಕಕ್ಕೆ. ಅಂಚೆಯಲ್ಲಿ ಏನೂ ಬರಲಿಲ್ಲ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಹೆಚ್ಚುವರಿ ನೋಟಿಸ್‌ಗಳಿಗೆಂದೇ ಇರುವ ಪುಟವೊಂದರಲ್ಲಿ ಸುಮ್ಮನೆ ಕುಳಿತಿತ್ತು. ನಮ್ಮ ಆಡಿಟರ್ ಬೇರೆ ಕೆಲಸಕ್ಕೆ ಒಳಹೊಕ್ಕಾಗ ಕಣ್ಣಿಗೆ ಬಿತ್ತು. ಅಂದಿನಿಂದ ಪ್ರತಿ ಸೋಮವಾರ ಬೆಳಿಗ್ಗೆ ಯಂತ್ರ ಶುರುವಾಗುವ ಮೊದಲು ನಾನೇ ಆ ಪುಟ ತೆರೆದು ನೋಡುತ್ತೇನೆ. ನೋಟಿಸ್ ಬಂದದ್ದೇ ಗೊತ್ತಾಗದೆ, ಬ್ಯಾಂಕ್ ಖಾತೆ ಸ್ಥಗಿತವಾದ ಮೇಲೆ ಓಡಾಡಿದ ಸಣ್ಣ ವ್ಯಾಪಾರಿಗಳನ್ನು ಕಂಡಿದ್ದೇನೆ. ಆ ಸಂಕಟ ಯಾರಿಗೂ ಬೇಡ.

ನಾವು ಪಡೆದ ಇನ್‌ಪುಟ್ ಕ್ರೆಡಿಟ್‌ಗೂ (ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ನಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವ ಮೊತ್ತ) ನಮಗೆ ಕಾಗದ ಮಾರಿದವರು ತೋರಿಸಿದ ಲೆಕ್ಕಕ್ಕೂ 1,12,000 ರೂಪಾಯಿ ತಾಳೆಯಾಗುತ್ತಿಲ್ಲ ಎಂಬುದು ಆ ನೋಟಿಸ್‌ನ ಆಕ್ಷೇಪ. ಸೆಕ್ಷನ್ 73ರ ಅಡಿಯಲ್ಲಿತ್ತು, ಅಂದರೆ ವಂಚನೆಯ ಆರೋಪವಿರಲಿಲ್ಲ. ಆಡಿಟರ್ ಓದಿ, "ಇದು ಲೆಕ್ಕದ ಜಗಳ ಮೇಡಂ, ಬಿಲ್ ಸಿಕ್ಕರೆ ಮುಗಿಯಿತು" ಎಂದರು. 2022ರ ಡಿಸೆಂಬರ್ 27ರ ಕೇಂದ್ರದ ಸುತ್ತೋಲೆಯ ಪ್ರಕಾರ, ಆ ವರ್ಷದ ಲೆಕ್ಕಕ್ಕೆ ಒಬ್ಬ ಸರಬರಾಜುದಾರನ ಬಾಬಿನಲ್ಲಿ ವ್ಯತ್ಯಾಸ 5 ಲಕ್ಷ ದಾಟದಿದ್ದರೆ ಆತನೇ ಬರೆದುಕೊಟ್ಟ ಪ್ರಮಾಣಪತ್ರ ಸಾಕು. ಮೂವರು ವ್ಯಾಪಾರಿಗಳ ಪೈಕಿ ಇಬ್ಬರು ಕೊಟ್ಟರು. ಮೂರನೆಯವರು ಅಂಗಡಿ ಮುಚ್ಚಿ ಊರು ಬಿಟ್ಟಿದ್ದರು. ಅವರ ಬಾಬಿನ 19,000 ರೂಪಾಯಿಯನ್ನು ಬಡ್ಡಿಸಹಿತ ಕಟ್ಟಿಬಿಟ್ಟೆ. ನೋಟಿಸ್ ಬಂದ 30 ದಿನದೊಳಗೆ ಕಟ್ಟಿದ್ದರಿಂದ ದಂಡ ಬೀಳಲಿಲ್ಲ. ವಿಚಾರಣೆಗೆ ಆಡಿಟರ್ ಅವರೇ ಹೋದರು. ಕಾನೂನಿನಲ್ಲಿ ಅದಕ್ಕೆ ಅವಕಾಶವಿದೆ: ಸೆಕ್ಷನ್ 116ರ ಪ್ರಕಾರ ವಕೀಲರಷ್ಟೇ ಅಲ್ಲ, ಚಾರ್ಟರ್ಡ್ ಅಕೌಂಟೆಂಟ್, ಜಿಎಸ್‌ಟಿ ಪ್ರಾಕ್ಟಿಷನರ್, ನಮ್ಮ ಖಾಯಂ ನೌಕರ, ಕಡೆಗೆ ಮನೆಯ ನೆಂಟರೂ ನಮ್ಮ ಪರವಾಗಿ ಹಾಜರಾಗಬಹುದು.

ಎರಡನೆಯದು 2024ರ ಮೇ ತಿಂಗಳಲ್ಲಿ ಬಂತು, 2019-20ರ ಲೆಕ್ಕಕ್ಕೆ. ಓದುತ್ತಿದ್ದಂತೆ ಕೈ ತಣ್ಣಗಾಯಿತು. ಗ್ರಾಹಕರು ಕೊಟ್ಟ ವಿಷಯವನ್ನು ನಮ್ಮ ಕಾಗದದ ಮೇಲೆ ಅಚ್ಚುಹಾಕಿಕೊಟ್ಟ ಕಿರುಹೊತ್ತಿಗೆ, ವಾರ್ಷಿಕ ವರದಿಗಳಿಗೆ ನಾವು ಶೇ 12ರ ದರ ಹಾಕಿದ್ದೆವು. ಮುದ್ರಣದ ದರ ಶೇ 18ಕ್ಕೆ ಏರಿದ್ದು 2021ರ ಅಕ್ಟೋಬರ್ 1ರಿಂದ. ಆದರೆ ಅಧಿಕಾರಿ ಅದಕ್ಕೂ ಹಿಂದಿನ ನಮ್ಮ ಎಲ್ಲ ಬಿಲ್‌ಗಳನ್ನೂ ಒಟ್ಟಿಗೆ ಶೇ 18ಕ್ಕೆ ಎಳೆದಿದ್ದರು. ತೆರಿಗೆ ವ್ಯತ್ಯಾಸ 3,84,000 ರೂಪಾಯಿ. ಅದಕ್ಕಿಂತ ದೊಡ್ಡ ಏಟು ಬೇರೆಯೇ ಇತ್ತು. ಈ ಸಲ ಸೆಕ್ಷನ್ 74, ಅಂದರೆ ವಿಷಯ ಮುಚ್ಚಿಟ್ಟು ತೆರಿಗೆ ತಪ್ಪಿಸಿದ್ದೀರಿ ಎಂಬ ಆರೋಪ. ಅದು ನಿಂತರೆ ತೆರಿಗೆಯಷ್ಟೇ ಮೊತ್ತದ ದಂಡ, ಮೇಲೆ ವರ್ಷಕ್ಕೆ ಶೇ 18ರ ಬಡ್ಡಿ. ಎಲ್ಲ ಕೂಡಿಸಿದರೆ ಹತ್ತು ಲಕ್ಷ ದಾಟುತ್ತಿತ್ತು. ಅಪ್ಪನ ಕಾಲದಿಂದ ಒಂದು ಬಿಲ್ ಮುಚ್ಚಿಟ್ಟವರಲ್ಲ ನಾವು. ದುಡ್ಡಿಗಿಂತ ಆ ಮಾತು ಹೆಚ್ಚು ನೋಯಿಸಿತು.

ಆಡಿಟರ್ ಪ್ರಾಮಾಣಿಕರು. "ಇದು ಲೆಕ್ಕಕ್ಕೆ ಮುಗಿಯುವುದಲ್ಲ ಮೇಡಂ. ಅಂಕಿ ಎಲ್ಲ ಅವರು ಹೇಳಿದ ಹಾಗೆಯೇ ಇದೆ. ಅದನ್ನು ಏನೆಂದು ಕರೆಯಬೇಕು ಎನ್ನುವುದೇ ಜಗಳ" ಎಂದರು. ಅವರ ಆ ಮಾತೇ ನನಗೆ ದಾರಿ ತೋರಿಸಿತು. ಆದರೂ ಹಲವರು, ಮೊದಲು ಹೇಗಾದರೂ ಉತ್ತರ ಕೊಡಿ, ಆದೇಶ ವಿರುದ್ಧವಾಗಿ ಬಂದರೆ ಮೇಲ್ಮನವಿಗೆ ವಕೀಲರನ್ನು ಹಿಡಿಯಿರಿ ಎಂದರು. ಈ ಸಲಹೆ ಸರಿಯಲ್ಲ. ಮೇಲ್ಮನವಿಗೆ ಇರುವುದು ಮೂರು ತಿಂಗಳು, ತಕ್ಕ ಕಾರಣವಿದ್ದರೆ ಇನ್ನೊಂದು ತಿಂಗಳು. ವಿವಾದಿತ ತೆರಿಗೆಯ ಶೇ 10ರಷ್ಟನ್ನು ಮೊದಲೇ ಕಟ್ಟಬೇಕು. ಕೆಳಗೆ ಹಾಜರುಪಡಿಸದ ದಾಖಲೆಯನ್ನು ಅಲ್ಲಿ ಹೊಸದಾಗಿ ಸೇರಿಸುವುದೂ ಸುಲಭವಲ್ಲ. ವಕೀಲರು ಬೇಕಾಗುವುದಾದರೆ ಮೊದಲ ಉತ್ತರ ಬರೆಯುವಾಗಲೇ ಬೇಕು.

ಮನೆಯ ಆಸ್ತಿ ವ್ಯಾಜ್ಯ ನೋಡಿದ್ದ ವಕೀಲರ ಬಳಿ ಹೋಗಲಿಲ್ಲ, ತೆರಿಗೆ ಪ್ರಕರಣಗಳನ್ನೇ ನಡೆಸುವ ಇಬ್ಬರನ್ನು ಕಂಡೆ. ಒಬ್ಬರು ನೋಟಿಸ್‌ನ ಮೊದಲ ಪುಟ ನೋಡಿ, ಗೆದ್ದೇ ಗೆಲ್ಲುತ್ತೇವೆ ಎಂದರು. ಇನ್ನೊಬ್ಬರು ಒಂದು ಗಂಟೆಗೆ 3,000 ರೂಪಾಯಿ ತೆಗೆದುಕೊಂಡು ನಮ್ಮ ಬಿಲ್‌ಗಳನ್ನು ಒಂದೊಂದಾಗಿ ತಿರುವಿ, "ಈ ಕಂತೆಯಲ್ಲಿ ನಿಮ್ಮ ದರವೇ ತಪ್ಪು, ಇದನ್ನು ಉಳಿಸಲಾಗದು" ಎಂದರು. ಸೋಲುವ ಭಾಗವನ್ನು ಮೊದಲೇ ಹೇಳಿದ ಅವರನ್ನೇ ಆರಿಸಿಕೊಂಡೆ. ಉತ್ತರ ಮತ್ತು ವಿಚಾರಣೆಗೆ ಸೇರಿ 40,000 ರೂಪಾಯಿ ಎಂದು ಬರೆದುಕೊಟ್ಟರು.

ಅವರು ಹಿಡಿದದ್ದು ಎರಡು ಎಳೆ. 2017ರ ಅಕ್ಟೋಬರ್ 20ರ 11ನೇ ಸುತ್ತೋಲೆಯಲ್ಲಿ, ಪುಸ್ತಕ, ಕರಪತ್ರ, ವಾರ್ಷಿಕ ವರದಿಗಳಲ್ಲಿ ವಿಷಯ ಗ್ರಾಹಕರದು, ಕಾಗದ ಮುದ್ರಕರದು ಆಗಿದ್ದರೆ ಮುಖ್ಯವಾದದ್ದು ಮುದ್ರಣ ಸೇವೆ ಎಂದಿದೆ. ಲೋಗೋ ಹಾಕಿದ ಲಕೋಟೆ, ಪೆಟ್ಟಿಗೆಗಳಾದರೆ ಅದು ಸರಕು. ಹಾಗಾಗಿ ಬಿಲ್‌ಗಳನ್ನು ಎರಡು ರಾಶಿ ಮಾಡಿ, ಮುದ್ರಣ ಸೇವೆಯ ರಾಶಿಗೆ ಆಗಿನ ಶೇ 12ರ ದರವೇ ಸರಿ ಎಂದೆವು. ಗ್ರಾಹಕರು ಕಳಿಸಿದ್ದ ಹಸ್ತಪ್ರತಿಯ ಇಮೇಲ್‌ಗಳನ್ನು ನಾನು ಮೂರು ರಾತ್ರಿ ಕುಳಿತು ಹುಡುಕಿ ತೆಗೆದೆ. ಎರಡನೆಯ ಎಳೆ: ಪ್ರತಿ ಬಿಲ್ಲೂ ಅದರ ದರವೂ ನಮ್ಮ ರಿಟರ್ನ್‌ನಲ್ಲೇ ಇರುವಾಗ ಮುಚ್ಚಿಟ್ಟದ್ದು ಯಾವುದು? ರಿಟರ್ನ್‌ನಲ್ಲಿ ಹೇಳಲೇಬೇಕಾದದ್ದನ್ನು ಹೇಳದಿರುವುದಕ್ಕೆ ತಾನೇ ಸೆಕ್ಷನ್ 74 ಮರೆಮಾಚುವಿಕೆ ಎನ್ನುವುದು?

ಆಗಸ್ಟ್‌ನಲ್ಲಿ ಆದೇಶ ಬಂತು. ವಂಚನೆಯ ಆರೋಪ ಬಿದ್ದುಹೋಗಿ ಪ್ರಕರಣ ಸೆಕ್ಷನ್ 73ಕ್ಕೆ ಇಳಿದಿತ್ತು. ತೆರಿಗೆ ಉಳಿದದ್ದು 61,000 ರೂಪಾಯಿ, ವಕೀಲರು ಉಳಿಸಲಾಗದು ಎಂದಿದ್ದ ಅದೇ ಕಂತೆಯದು. 73ಕ್ಕೆ ಇಳಿದದ್ದರ ನಿಜವಾದ ಬೆಲೆ ತಿಳಿದದ್ದು ಆಮೇಲೆ. 2017-18ರಿಂದ 2019-20ರವರೆಗಿನ ಸೆಕ್ಷನ್ 73ರ ಬೇಡಿಕೆಗಳಿಗೆ, 2025ರ ಮಾರ್ಚ್ 31ರೊಳಗೆ ತೆರಿಗೆ ಕಟ್ಟಿದರೆ ಬಡ್ಡಿ ಮತ್ತು ದಂಡ ಮನ್ನಾ ಎಂಬ ಯೋಜನೆ 2024ರಲ್ಲೇ ಜಾರಿಗೆ ಬಂತು. ಆರೋಪ 74ರಲ್ಲೇ ನಿಂತಿದ್ದರೆ ನಮಗೆ ಅದರ ಬಾಗಿಲು ಮುಚ್ಚಿರುತ್ತಿತ್ತು.

2025ರ ಜುಲೈನಲ್ಲಿ ಯುಪಿಐ ಜಮೆ ನೋಡಿ ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳಿಗೆಲ್ಲ ನೋಟಿಸ್ ಹೋದಾಗ, ಪಕ್ಕದ ಬೀದಿಯ ಕಾಂಡಿಮೆಂಟ್ಸ್‌ನ ಅಣ್ಣ ನಡುಗುತ್ತಾ ಬಂದರು. "ಅಕ್ಕಾ, ಯಾರಾದರೂ ಒಳ್ಳೆ ವಕೀಲರ ನಂಬರ್ ಕೊಡಿ" ಎಂದರು. ಕುಳ್ಳಿರಿಸಿ, ಕಾಫಿ ತರಿಸಿ, ಖಾತೆಗೆ ಬಂದದ್ದರಲ್ಲಿ ಹಾಲಿನದೆಷ್ಟು, ಸಿಗರೇಟಿನದೆಷ್ಟು, ತಂಗಿಯ ಮದುವೆಗೆ ನೆಂಟರು ಹಾಕಿದ ಕೈಸಾಲವೆಷ್ಟು ಎಂದು ಕೇಳಿದೆ. ಹಾಲಿಗೆ ತೆರಿಗೆಯಿಲ್ಲ, ಕೈಸಾಲ ವಹಿವಾಟೇ ಅಲ್ಲ. ನಾಲ್ಕು ವರ್ಷದ ಹಾಲಿನ ಬಿಲ್‌ಗಳನ್ನು ಅವರು ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿ ಜೋಪಾನ ಮಾಡಿದ್ದರು. ಆ ಡಬ್ಬಿ ಹೊತ್ತು ಇಬ್ಬರೂ ನಮ್ಮ ಆಡಿಟರ್ ಬಳಿ ಹೋದೆವು.